ಸೀಸ ಬಿಟ್ಟ ಬಲೆ: ಹಿನ್ನೀರಿನ ದಂಡೆಯಿಂದ ನನ್ನ ಅನುಭವ

ಬಲೆ ನೀರಿನಲ್ಲಿ ಬೇಗ ಮುಳುಗಲೆಂದು ಅದರ ಅಂಚಿಗೆ ಸೀಸ ಕಟ್ಟುವುದನ್ನು ಬಿಡಬೇಕು ಎಂಬ ಮಾತು ಮೊದಲ ಬಾರಿ ಕಿವಿಗೆ ಬಿದ್ದಾಗ ನನಗೆ ಬಂದದ್ದು ಸಿಟ್ಟು. ಹೇಳಿದವಳು ಹೊರಗಿನವಳಲ್ಲ, ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ನನ್ನ ತಂಗಿಯ ಮಗಳು. ದೀಪಾವಳಿಯ ರಜೆಗೆ ಬಂದಿದ್ದವಳು, ಅಡುಗೆ ಮನೆಯ ಒಲೆಯ ಮೇಲೆ ಕಬ್ಬಿಣದ ಸೌಟಿನಲ್ಲಿ ನಾನು ಹಳೆಯ ಬ್ಯಾಟರಿಯ ಸೀಸ ಕರಗಿಸುತ್ತಿದ್ದುದನ್ನು ನೋಡಿ, "ಮಾಮಾ, ಇದನ್ನ ಬಿಟ್ಟುಬಿಡ್ರಿ, ನೀರಾಗಿನ ಹಕ್ಕಿಗೂ ಕೇಡು, ಮನಿಯಾಗಿನ ಕೂಸಿಗೂ ಕೇಡು" ಎಂದಳು. ನನ್ನ ಅಪ್ಪ ಸೀಸ ಕಟ್ಟಿದ, ಅವನ ಅಪ್ಪನೂ ಸೀಸ ಕಟ್ಟಿದ, ಆ ಬಲೆ ತಂದ ಮೀನಿನಿಂದಲೇ ನಿನ್ನ ಅವ್ವ ಶಾಲೆ ಕಲಿತಳು ಎಂದು ನಾನು ಗದರಿದೆ. ಆಕೆ ಮರುಮಾತಾಡಲಿಲ್ಲ.

ನಾನು ಬೀಳಗಿ ತಾಲ್ಲೂಕಿನ, ಕೃಷ್ಣೆಯ ದಂಡೆಯ ಮೀನುಗಾರ. ಮೂವತ್ತು ವರ್ಷಗಳಿಂದ ಬಲೆ ಬೀಸುತ್ತೇನೆ, ಅದಕ್ಕಿಂತ ಹೆಚ್ಚಾಗಿ ಬಲೆ ಹೆಣೆಯುತ್ತೇನೆ. ಸುತ್ತಲಿನ ಮೂರು ನಾಲ್ಕು ಊರುಗಳ ಬೀಸುಬಲೆಗಳ ಅಂಚು ಕಟ್ಟುವ ಕೆಲಸ ನನ್ನ ಕೈಗೇ ಬರುತ್ತದೆ. ಆಲಮಟ್ಟಿ ಅಣೆಕಟ್ಟಿನ ನೀರು 519.60 ಮೀಟರ್ ಮಟ್ಟಕ್ಕೆ ನಿಲ್ಲತೊಡಗಿದ ಮೇಲೆ ನಮ್ಮ ಹಳೆಯ ಊರು ಮುಳುಗಿತು, ನಾವು ದಿಬ್ಬದ ಮೇಲಿನ ಪುನರ್ವಸತಿ ಕೇಂದ್ರಕ್ಕೆ ಬಂದೆವು. ಈಗ ನಾವು ಕಟ್ಲಾ, ರೋಹು, ಜಿಲೇಬಿ ಹಿಡಿಯುವುದು ನಮ್ಮದೇ ಮನೆಗಳ ಗೋಡೆಗಳ ಮೇಲೆ ನಿಂತ ನೀರಿನಲ್ಲಿ. ಈ ಗೋಡೆಗಳ ಮಾತನ್ನು ಮುಂದೆ ಹೇಳುತ್ತೇನೆ, ಏಕೆಂದರೆ ನನ್ನ ಮನಸ್ಸನ್ನು ತಿರುಗಿಸಿದ್ದು ಅವೇ.

ರಜೆ ಮುಗಿಸಿ ಹೊರಡುವ ಮುನ್ನ ತಂಗಿಯ ಮಗಳು ನನ್ನನ್ನು ಕೂಡ್ರಿಸಿಕೊಂಡು ಅಮೆರಿಕದ ಬೇಟೆಗಾರರ ವಿಷಯ ಹೇಳಿದಳು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಅಲ್ಲಿ ಪರವಾನಗಿ ಪಡೆದು ಜಿಂಕೆ, ಬಾತುಗಳನ್ನು ಹೊಡೆಯುತ್ತಾರೆ. ಸೀಸದ ಗುಂಡು ಜಿಂಕೆಯ ಮೈಯೊಳಗೆ ಹೊಕ್ಕೊಡನೆ ನೂರಾರು ಚೂರುಗಳಾಗಿ ಸಿಡಿಯುತ್ತದೆ. ಬೇಟೆಗಾರ ಮಾಂಸವನ್ನು ಒಯ್ದು ಕರುಳು, ಹೊಟ್ಟೆಗಳನ್ನು ಅಲ್ಲೇ ಬಿಡುತ್ತಾನೆ. ಅದನ್ನು ತಿನ್ನಲು ಇಳಿಯುವ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ದೊಡ್ಡ ರಣಹದ್ದು ಆ ಚೂರುಗಳನ್ನೂ ನುಂಗಿ ನವೆದು ಸಾಯುತ್ತದೆ. 1982ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದ ಕಾಂಡೋರ್‌ಗಳು 22 ಮಾತ್ರ. 1987ರಲ್ಲಿ ಕಾಡಿನಲ್ಲಿ ಉಳಿದ ಕೊನೆಯ ಹಕ್ಕಿಯನ್ನೂ ಹಿಡಿದು, ಸಾಕಿ, ಮರಿ ಮಾಡಿಸಿ, ಮುಂದೆ ಮತ್ತೆ ಬಿಡಬೇಕಾಯಿತು. ಬಿಟ್ಟ ಮೇಲೂ ಅವುಗಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೊಂದದ್ದು ಸೀಸವೇ. ಕ್ಯಾಲಿಫೋರ್ನಿಯಾ ರಾಜ್ಯ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ವನ್ಯಜೀವಿಗಳ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು.

ಆಗ ಬೇಟೆಗಾರರು ಏನೆಂದರು ಎಂಬುದನ್ನು ಆಕೆ ಒಂದೊಂದಾಗಿ ಹೇಳುತ್ತಿದ್ದಂತೆ ನನ್ನದೇ ಮಾತುಗಳು ನನಗೆ ಮರಳಿ ಕೇಳಿಸಿದವು. ತಾಮ್ರದ ಗುಂಡು ತುಟ್ಟಿ, ಎಲ್ಲ ಅಂಗಡಿಗಳಲ್ಲಿ ಸಿಗುವುದೂ ಇಲ್ಲ. ಉಕ್ಕಿನ ಚರೆ, ಅಂದರೆ ಕೋವಿಗೆ ತುಂಬುವ ಸಣ್ಣ ಕಾಳು, ಹಗುರ, ದೂರದ ಬಾತನ್ನು ಕೊಲ್ಲದೆ ಗಾಯಗೊಳಿಸಿ ಬಿಡುತ್ತದೆ, ಹಳೆಯ ಕೋವಿಯ ನಳಿಗೆಯನ್ನು ಕೆಡಿಸುತ್ತದೆ. "ನಾನು ಇಷ್ಟು ವರ್ಷ ಕಾಡು ತಿರುಗಿದರೂ ಸೀಸದಿಂದ ಸತ್ತ ಹಕ್ಕಿಯನ್ನು ಕಂಡಿಲ್ಲ" ಎಂದವರೂ ಇದ್ದರು. ಇಂದು ಗುಂಡು ಬಿಡಿ ಎನ್ನುವವರು ನಾಳೆ ಕೋವಿಯನ್ನೇ ಬಿಡಿ ಎಂದಾರು. ಈ ಕೊನೆಯ ಭಯ ನನಗೆ ಚೆನ್ನಾಗಿ ತಿಳಿಯುತ್ತದೆ. ಒಮ್ಮೆ ಮನೆ, ಹೊಲ, ಗುಡಿಯನ್ನು ನೀರಿಗೆ ಬಿಟ್ಟು ಬಂದವರಿಗೆ, ಮತ್ತೆ ಯಾರಾದರೂ ಬಂದು ಏನನ್ನಾದರೂ ಬಿಡಿ ಎಂದರೆ ಎದೆ ಧಸಕ್ಕೆನ್ನುತ್ತದೆ.

ಆದರೆ ಅದೇ ದೇಶದ ಅರಿಜೋನಾ ರಾಜ್ಯ ಬೇರೆ ದಾರಿ ಹಿಡಿಯಿತು. ಅಲ್ಲಿ 2005ರಿಂದ, ಕಾಂಡೋರ್ ಹಾರಾಡುವ ಸೀಮೆಯ ಬೇಟೆಗಾರರಿಗೆ ಸೀಸವಿಲ್ಲದ ಗುಂಡುಗಳನ್ನು ಪುಕ್ಕಟೆಯಾಗಿ ಕೊಟ್ಟು, ಕಾರಣವನ್ನು ವಿವರಿಸಿ, ಬಳಸಿ ನೋಡಿ ಎಂದು ಕೇಳಿಕೊಂಡರು. ಕಾನೂನಿನ ಒತ್ತಾಯವಿಲ್ಲದೆಯೇ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಒಪ್ಪಿದರು. ಬೇಟೆಗಾರನಿಗೆ ಹಕ್ಕಿಯ ಮೇಲೆ ಹಗೆಯಿರಲಿಲ್ಲ, ತನ್ನ ಕೈಗೆ ಒಗ್ಗಿದ ಕಸುಬು ಕೆಟ್ಟೀತೆಂಬ ಅಂಜಿಕೆಯಿತ್ತು. ಇದನ್ನು ಕೇಳಿದ ಮೇಲೆ ನನ್ನ ಸಿಟ್ಟು ಇಳಿಯಿತಾದರೂ ಬಲೆಯ ಸೀಸ ಮಾತ್ರ ಹಾಗೆಯೇ ಉಳಿಯಿತು.

ಅದನ್ನು ಬಿಡಿಸಿದ್ದು ಮುಂದಿನ ಫೆಬ್ರುವರಿಯ ಒಂದು ಬೆಳಗು. ಹಿನ್ನೀರು ಇಳಿಯತೊಡಗಿದಾಗ ನಮ್ಮ ಹಳೆಯ ಊರಿನ ಗೋಡೆಗಳ ತಲೆ ಒಂದೊಂದಾಗಿ ಮೇಲೇಳುತ್ತವೆ. ಬೀಸಿದ ಬಲೆ ಸಿಕ್ಕಿಕೊಂಡು ಹರಿಯುವುದು ಈ ಗೋಡೆಗಳಿಗೇ. ಪ್ರತಿ ಸಲವೂ ಬಲೆಯ ಅಂಚಿನ ಹತ್ತಿಪ್ಪತ್ತು ಸೀಸದ ಗುಂಡುಗಳು ಅಲ್ಲೇ ಉಳಿಯುತ್ತವೆ. ಆ ದಿನ ಹರಿಗೋಲನ್ನು ದಂಡೆಗೆ ಕಟ್ಟಿ, ನಮ್ಮ ಮನೆಯಿದ್ದ ಜಾಗದವರೆಗೆ ಕೆಸರಿನಲ್ಲಿ ನಡೆದು ಹೋದೆ. ಪಟ್ಟೆತಲೆ ಹೆಬ್ಬಾತುಗಳ ಹಿಂಡು ರಾತ್ರಿ ಅಲ್ಲೇ ತಂಗಿತ್ತು. ಮೂರು ಬೆರಳಿನ, ಜಾಲರಿ ಪಾದದ ಹೆಜ್ಜೆಗಳು ಕೆಸರಿನ ತುಂಬ ಅಚ್ಚೊತ್ತಿದ್ದವು, ನಡುನಡುವೆ ಹಸಿರು ಹಿಕ್ಕೆ. ನಮ್ಮ ಹಿತ್ತಲಗೋಡೆಯ ಬುಡದಲ್ಲಿ, ಒಂದು ಹೆಜ್ಜೆಯ ಗುರುತಿಗೆ ಗೇಣು ದೂರದಲ್ಲಿ, ನೀರಿನಲ್ಲಿ ನಿಲ್ಲಿಸಿಡುವ ಕಂಡಿಬಲೆಯ ಐದಾರು ಸೀಸದ ಕಾಳುಗಳು ಬೂದು ಬಣ್ಣಕ್ಕೆ ತಿರುಗಿ ಬಿದ್ದಿದ್ದವು. ಕಡಲೆಕಾಳಿನಷ್ಟು ಗಾತ್ರ, ಒಂದು ಬದಿಗೆ ಸಣ್ಣ ಗೀರು. ಆ ಗೀರು ನಾನು ಕರಗಿದ ಸೀಸ ಹೊಯ್ಯುವ ಅಚ್ಚಿನದು. ಅಚ್ಚಿನ ಆ ಕುಳಿಗೆ ಉಳಿ ತಗುಲಿ ಗೆರೆ ಬಿದ್ದಿತ್ತು. ಯಾರ ಸೀಸ ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಹಕ್ಕಿಗೆ ಹಲ್ಲಿಲ್ಲ. ಹೆಬ್ಬಾತು, ಬಾತುಗಳು ತಿಂದ ಕಾಳು, ಎಲೆಗಳನ್ನು ಅರೆಯಲು ಹರಳುಗಳನ್ನು ನುಂಗಿ ಹೊಟ್ಟೆಯ ಗಟ್ಟಿ ಚೀಲದಲ್ಲಿ ಇಟ್ಟುಕೊಳ್ಳುತ್ತವೆ. ಬೀಸುವ ಕಲ್ಲು ನಮ್ಮ ಮನೆಯಲ್ಲಿದ್ದರೆ ಅವುಗಳದ್ದು ಹೊಟ್ಟೆಯಲ್ಲೇ ಇರುತ್ತದೆ. ಹರಳೆಂದು ಸೀಸದ ಕಾಳನ್ನು ನುಂಗಿದರೆ ಅದು ಉಳಿದ ಕಲ್ಲುಗಳ ನಡುವೆ ತೇಯ್ದು, ಹೊಟ್ಟೆಯ ಆಮ್ಲದಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ. ರೆಕ್ಕೆ ಜೋಲುತ್ತದೆ, ಆಹಾರ ಕೆಳಗಿಳಿಯುವುದಿಲ್ಲ, ಹೊಟ್ಟೆ ತುಂಬಿದ್ದೂ ಹಕ್ಕಿ ಹಸಿವಿನಿಂದ ಒಣಗಿ ಸಾಯುತ್ತದೆ. ಬ್ರಿಟನ್ನಿನಲ್ಲಿ ಗಾಳ ಹಾಕುವವರ ಸಣ್ಣ ಸೀಸದ ತೂಕಗಳು ಹಂಸಗಳನ್ನು ಹೀಗೆ ಕೊಂದದ್ದರಿಂದಲೇ 1987ರಲ್ಲಿ ಅವುಗಳ ಮಾರಾಟವನ್ನು ನಿಷೇಧಿಸಿದರು. ಅಮೆರಿಕದಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ 1991ರಲ್ಲೇ ನಿಂತಿತು. ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬರುವ ಈ ಹೆಬ್ಬಾತುಗಳು ನಮ್ಮ ಕೆಸರಿನಲ್ಲಿ ನಂಬಿ ಇಳಿಯುತ್ತವೆ. ಅವು ಇಳಿಯುವ ನೆಲ ನನ್ನ ಹಿತ್ತಲು.

ಮನೆಯ ಮಾತನ್ನೂ ಮುಚ್ಚಿಡಬಾರದು. ಸೀಸದ ತಗಡನ್ನು ಕತ್ತರಿಸಿ ದಾರಕ್ಕೆ ಮಡಚುವಾಗ ಇಕ್ಕಳ ಹುಡುಕುವ ಬದಲು ಹಲ್ಲಿನಿಂದಲೇ ಕಚ್ಚಿ ಒತ್ತುವುದು ನಮ್ಮ ರೂಢಿ. ನಾನು ಇಪ್ಪತ್ತು ವರ್ಷ ಹಾಗೆಯೇ ಮಾಡಿದ್ದೇನೆ. ಸೀಸ 327 ಡಿಗ್ರಿಯಲ್ಲೇ ಕರಗುವುದರಿಂದ ಮನೆಯ ಒಲೆ ಸಾಕಾಗುತ್ತದೆ, ಅಲ್ಲೇ ರೊಟ್ಟಿ ಬಡಿಯುತ್ತಾರೆ, ಅಲ್ಲೇ ಮೊಮ್ಮಗ ಅಂಬೆಗಾಲಿಡುತ್ತಾನೆ. ಮಕ್ಕಳ ಮೆದುಳಿಗೆ ಇಷ್ಟು ಸೀಸ ಸೇರಿದರೂ ನಡೆದೀತು ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ದಿನವೇ ಸೌಟನ್ನು ಅಡುಗೆ ಮನೆಯಿಂದ ಹೊರಗೆ ಹಾಕಿದೆ.

ಬಿಡುವುದು ಸುಲಭವಾಗಲಿಲ್ಲ. ಮೊದಲು ಕುಂಬಾರರಿಂದ ಸುಟ್ಟ ಮಣ್ಣಿನ ಗುಂಡುಗಳನ್ನು ಮಾಡಿಸಿ ಬೀಸುಬಲೆಗೆ ಪೋಣಿಸಿದೆ. ಬಲೆ ಚೆನ್ನಾಗಿ ಬಿಚ್ಚಿಕೊಂಡಿತು, ಆದರೆ ಎಲೆ ಬಿದ್ದಂತೆ ಮೆಲ್ಲಗೆ ಇಳಿಯಿತು. ಅಷ್ಟರಲ್ಲಿ ಮೀನು ಪಾರಾಗಿರುತ್ತಿತ್ತು. ದಂಡೆಯ ಮೇಲಿದ್ದ ಹುಡುಗರ ಮುಂದೆ ಮೂರು ಸಲ ಬರಿಗೈಯಲ್ಲಿ ಬಲೆ ಎಳೆದೆ. ಎರಡನೆಯದಾಗಿ ಗುಜರಿಯ ಕಬ್ಬಿಣದ ನಟ್ಟುಗಳನ್ನು ಕಟ್ಟಿದೆ. ಅವುಗಳ ಅಂಚು ಒಂದೇ ವಾರದಲ್ಲಿ ದಾರವನ್ನು ಕೊಯ್ದು ಹಾಕಿತು.

ಮಳೆಗಾಲದಲ್ಲಿ ಬಲೆ ಮನೆಯಲ್ಲಿದ್ದಾಗ ಒಂದು ಬಕೆಟ್ ನೀರು ಮತ್ತು ತೂಗುವ ಕೊಕ್ಕೆಯ ತಕ್ಕಡಿಯನ್ನು ಇಟ್ಟುಕೊಂಡು ಕುಳಿತೆ. ಒಂದು ಕಿಲೋ ಸೀಸವನ್ನು ನೀರಿನಲ್ಲಿ ಇಳಿಬಿಟ್ಟು ತೂಗಿದರೆ ಸುಮಾರು 910 ಗ್ರಾಂ ತೋರಿಸಿತು. ಒಂದು ಕಿಲೋ ಕಬ್ಬಿಣ ಸುಮಾರು 870 ಗ್ರಾಂ. ಮಣ್ಣಿನ ಗುಂಡು ಅರ್ಧಕ್ಕೆ ಇಳಿಯಿತು. ಕಬ್ಬಿಣ ಹಗುರ, ಬಲೆ ಇಳಿಯುವುದಿಲ್ಲ ಎಂದು ನಾವೆಲ್ಲ ವಾದಿಸುತ್ತಿದ್ದೆವಲ್ಲ, ಆ ವಾದ ಬಕೆಟ್ಟಿನಲ್ಲೇ ಕರಗಿತು. ಕಬ್ಬಿಣ ಗಾತ್ರದಲ್ಲಿ ದೊಡ್ಡದು, ಸೀಸದ ಸುಮಾರು ಒಂದೂವರೆ ಪಟ್ಟು. ನೀರೊಳಗಿನ ತೂಕದಲ್ಲಿ ಕಳೆದುಕೊಳ್ಳುವುದು ಅತ್ಯಲ್ಪ. ನನ್ನ ಬೀಸುಬಲೆಗೆ 4 ಕಿಲೋ ಸೀಸವಿತ್ತು, ಅದರ ಜಾಗಕ್ಕೆ 4 ಕಿಲೋ 200 ಗ್ರಾಂ ಕಬ್ಬಿಣ ಸಾಕು. ಅಮೆರಿಕದ ಬೇಟೆಗಾರರು ಉಕ್ಕಿನ ಚರೆಗೆ ಹೋದಾಗ ಎರಡು ಅಳತೆ ದೊಡ್ಡ ಕಾಳನ್ನು ಆರಿಸಿಕೊಂಡದ್ದೂ ಇಂಥದ್ದೇ ಲೆಕ್ಕದಿಂದ.

ನನ್ನ ಬಲೆಯ ಅಂಚಿನ ಸುತ್ತಳತೆ 12 ಮೀಟರ್. ಮೀಟರಿಗೆ 350 ಗ್ರಾಂ ತೂಗುವ ಸಣ್ಣ ಕೊಂಡಿಯ ಕಬ್ಬಿಣದ ಸರಪಳಿಯನ್ನು ಬಾಗಲಕೋಟೆಯ ಪೇಟೆಯಿಂದ ತಂದೆ. ಸತುವಿನ ಲೇಪವಿದ್ದ ಹೊಳೆಯುವ ಸರಪಳಿಯನ್ನು ಅಂಗಡಿಯವರು ಮುಂದಿಟ್ಟರೂ ಬೇಡವೆಂದೆ, ಏಕೆಂದರೆ ಸತುವೂ ನೀರುಹಕ್ಕಿಯ ಹೊಟ್ಟೆಗೆ ವಿಷ. ಬರಿಯ ಕಬ್ಬಿಣ ತುಕ್ಕು ಹಿಡಿದು ದಾರವನ್ನು ತಿನ್ನುತ್ತದೆಂಬ ಚಿಂತೆಗೆ ನಮ್ಮ ಹೊಲದ ಅಗಸಿ ಎಣ್ಣೆ ಉತ್ತರವಾಯಿತು. ಸರಪಳಿಯನ್ನು ಕೆಂಡದ ಮೇಲೆ ಬಿಸಿ ಮಾಡಿ, ಬಟ್ಟೆಯಿಂದ ಎಣ್ಣೆ ತೆಳ್ಳಗೆ ಸವರಿ, ಹೊಗೆ ನಿಲ್ಲುವವರೆಗೆ ಮತ್ತೆ ಕಾಯಿಸಿದರೆ ಕಪ್ಪನೆಯ ಗಟ್ಟಿ ಪದರ ಕೂಡುತ್ತದೆ. ಹೀಗೆ ಮೂರು ಸಲ. ಸರಪಳಿಯನ್ನು ಬಲೆಯ ಕಣ್ಣಿಗೆ ನೇರವಾಗಿ ಕಟ್ಟದೆ, ಬೇರೆ ನೈಲಾನ್ ಹಗ್ಗಕ್ಕೆ ಗೇಣಿಗೊಂದರಂತೆ ತೆಳು ದಾರದ ಕುಣಿಕೆ ಹಾಕಿ ತೂಗುಬಿಟ್ಟೆ. ಗೋಡೆಗೆ ಸಿಕ್ಕಿಕೊಂಡಾಗ ಮೊದಲು ಹರಿಯುವುದು ಆ ಕುಣಿಕೆ, ಬಲೆ ಉಳಿಯುತ್ತದೆ. ಎಲ್ಲೋ ತುಂಡು ಸರಪಳಿ ನೀರಿನಲ್ಲಿ ಉಳಿದರೂ ಅದು ತುಕ್ಕಾಗಿ ಮಣ್ಣು ಸೇರುತ್ತದೆ.

ಸರಪಳಿಯ ಬಲೆ ನೆಲವನ್ನು ಬಿಡದೆ ತಬ್ಬುತ್ತದೆ ಎಂಬುದು ನಾನು ಎಣಿಸಿರದ ಲಾಭ. ಗುಂಡು ಗುಂಡಿನ ನಡುವಿನ ಸಂದಿಯಲ್ಲಿ ನುಸುಳಿ ಹೋಗುತ್ತಿದ್ದ ಮೀನು ಈಗ ಹೋಗುವುದಿಲ್ಲ. ಮಣ್ಣಿನ ಗುಂಡುಗಳೂ ವ್ಯರ್ಥವಾಗಲಿಲ್ಲ. ನಿಂತೇ ಇರುವ ಕಂಡಿಬಲೆಗೆ ಬೇಗ ಇಳಿಯುವ ಅವಸರವಿಲ್ಲದ್ದರಿಂದ ಅಲ್ಲಿಗೆ ಅವು ಚೆನ್ನಾಗಿ ಹೊಂದಿದವು, ಎಣಿಕೆಯನ್ನು ಮಾತ್ರ ಹೆಚ್ಚಿಸಬೇಕಾಯಿತು.

ಜೊತೆಯವರಿಗೆ ನಾನು ಹಕ್ಕಿಯ ಕಥೆಯಿಂದ ಮಾತು ತೆಗೆಯಲಿಲ್ಲ. ಅರಿಜೋನಾದವರಂತೆ ಬಲೆಯನ್ನೇ ಕೈಗೆ ಕೊಟ್ಟೆ, ಒಂದು ವಾರ ಬೀಸಿ ನೋಡಿ ಎಂದೆ. ಹಿರಿಯರೊಬ್ಬರು ಮೊದಲ ದಿನವೇ ತಂದು ಕೊಟ್ಟು, "ತಮ್ಮಾ, ಕೈಗೆ ಗೊತ್ತಾಗವಲ್ದು ಇದು" ಎಂದರು. ಅವರ ಮಾತು ಸರಿಯಾಗಿತ್ತು. ಸರಪಳಿ ಮೊಣಕೈ ಮೇಲೆ ಜಾರುವ ಬಗೆ ಗುಂಡಿನದಲ್ಲ. ಮಡಿಕೆ ಹಾಕುವ ರೀತಿಯನ್ನು ಬದಲಿಸಿಕೊಳ್ಳಲು ನನಗೇ ಹದಿನೈದು ದಿನ ಹಿಡಿದಿತ್ತು. ಆ ಹದಿನೈದು ದಿನಗಳ ಮೀನಿನ ನಷ್ಟವನ್ನು ಯಾರು ತುಂಬುತ್ತಾರೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ರೂಢಿ ಬದಲಿಸಿಕೊಳ್ಳಿ ಎಂದು ಹೇಳುವ ಯಾರೇ ಆಗಲಿ, ಕಾನೂನಾಗಲಿ, ಈ ಪ್ರಶ್ನೆಯನ್ನು ದಾಟಿ ಮುಂದೆ ಹೋಗಬಾರದು. ನಾನು ಅವರಿಗೆ ಅಂಚು ಕಟ್ಟುವ ಕೂಲಿ ತೆಗೆದುಕೊಳ್ಳಲಿಲ್ಲ. ಹಳೆಯ ಸೀಸವನ್ನು ಬ್ಯಾಟರಿ ಸೀಸ ಕೊಳ್ಳುವವರಿಗೆ ಮಾರಿದ ಹಣದಲ್ಲಿ ಸರಪಳಿಯ ಬೆಲೆಯ ಬಹುಪಾಲು ಹೊರಟಿತು.

ಈಗ ನಮ್ಮ ದಂಡೆಯಲ್ಲಿ ಹನ್ನೊಂದು ಬಲೆಗಳಿಗೆ ಸರಪಳಿಯಿದೆ, ನಾಲ್ವರು ಇನ್ನೂ ಸೀಸದಲ್ಲೇ ಇದ್ದಾರೆ, ಅವರ ಬಲೆಗಳ ಅಂಚನ್ನೂ ನಾನು ರಿಪೇರಿ ಮಾಡಿಕೊಡುತ್ತೇನೆ. ಫೆಬ್ರುವರಿಯಲ್ಲಿ ಗೋಡೆಗಳು ಮೇಲೇಳುತ್ತಿದ್ದಂತೆ, ಹೆಬ್ಬಾತುಗಳು ಕಡಲೆ ಹೊಲಗಳಿಗೆ ಹಾರಿಹೋದ ಹೊತ್ತು ನೋಡಿ, ಕೈಗೆ ಹಳೆಯ ಚೀಲ ಸುತ್ತಿಕೊಂಡು ನಾನು ಹಳೆಯ ಊರಿಗೆ ಇಳಿಯುತ್ತೇನೆ. ಕಳೆದ ಸಲ ನಮ್ಮ ಓಣಿಯೊಂದರಲ್ಲೇ ಎರಡು ಕಿಲೋ ಸೀಸ ಸಿಕ್ಕಿತು. ಗುಡಿಯ ಓಣಿ ಇನ್ನೂ ಬಾಕಿಯಿದೆ.