ನಾಲೆ ಏರಿ ಮೇಲೆ ಸೈಕಲ್: ಹೊರಡುವ ಮೊದಲು ಗಾಳಿ ಇಳಿಸಿ

ಕಳೆದ ಜನವರಿಯಲ್ಲಿ ಪಾಂಡವಪುರದ ಹತ್ತಿರ ನಾಲೆ ಏರಿ ಮೇಲೆ ನಾಲ್ಕು ಹುಡುಗರು ಸೈಕಲ್‌ಗಳನ್ನು ತಲೆಕೆಳಗು ಮಾಡಿಕೊಂಡು ಕೂತಿದ್ದರು. ಒಂದೊಂದು ಸೈಕಲ್ಲೂ ನನ್ನ ಹಳೇ ಸ್ಕೂಟರಿಗಿಂತ ಜಾಸ್ತಿ ಬೆಲೆಯದು. ಒಬ್ಬನ ಅಂಗೈ ತರಚಿತ್ತು. ಇನ್ನೊಬ್ಬ ಒಂದೇ ಚಕ್ರಕ್ಕೆ ಮೂರನೇ ಸಲ ಪಂಚರ್ ಹಾಕುತ್ತಿದ್ದ. ಬಿದ್ದವನ ಟೈರು ಒತ್ತಿ ನೋಡಿದೆ. ಕಲ್ಲಿನ ಹಾಗಿತ್ತು. ಪಂಚರ್ ಆದವನ ಟೈರೊಳಗೆ ಬೆರಳಾಡಿಸಿದೆ. ಜಾಲಿ ಮುಳ್ಳು ಇನ್ನೂ ಅಲ್ಲೇ ಇತ್ತು. ಇಂಥವರು ಪ್ರತಿ ಚಳಿಗಾಲದಲ್ಲೂ ಸಿಗುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶ್ರೀರಂಗಪಟ್ಟಣದಿಂದ ತೊಣ್ಣೂರು ಕೆರೆವರೆಗೆ ಹೋಗಿ ಬರುವುದು ನನ್ನ ಮೆಚ್ಚಿನ ದಾರಿ. ಸುತ್ತಿ ಬಳಸಿ 50 ಕಿ.ಮೀ. ಆಸುಪಾಸು ಆಗುತ್ತದೆ. ಪೂರ್ತಿ ಮಣ್ಣುದಾರಿಯೇ ಸಿಗುವುದಿಲ್ಲ, ಊರುಗಳ ಹತ್ತಿರ ಟಾರು ಬರುತ್ತದೆ. ಉಳಿದಂತೆ ಒಂದು ಕಡೆ ನೀರು, ಇನ್ನೊಂದು ಕಡೆ ಕಬ್ಬು, ಕಾಲ ಕೆಳಗೆ ಗರಸು.

ಹೆಜ್ಜೆ 1: ಊರು ತಲುಪಿ

ಬೆಂಗಳೂರಿನಿಂದ ಸೈಕಲ್ ತುಳಿದುಕೊಂಡೇ ಬರುತ್ತೇನೆ ಅನ್ನುವವರಿಗೆ ಒಂದು ಮಾತು. ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಸೈಕಲ್, ಬೈಕು, ಆಟೋ ಯಾವುದಕ್ಕೂ ಪ್ರವೇಶವಿಲ್ಲ. ಕಾರಿನ ಹಿಂದೆ ಕಟ್ಟಿಕೊಂಡು ಬನ್ನಿ. ರೈಲಾದರೆ ಸೈಕಲ್ಲನ್ನು ಪಾರ್ಸೆಲ್ ಆಗಿ ಮೊದಲೇ ಬುಕ್ ಮಾಡಿ, ದೊಡ್ಡ ನಿಲ್ದಾಣದಲ್ಲೇ ಇಳಿಯಿರಿ. ಚಿಕ್ಕ ನಿಲ್ದಾಣದಲ್ಲಿ ರೈಲು ನಿಲ್ಲುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ನಾನು ಹಾಗೆ ಇಳಿದು, ನನ್ನ ಸೈಕಲ್ ಮುಂದಿನ ಊರಿಗೆ ಹೋಗುವುದನ್ನು ಕೈ ಬೀಸಿ ನೋಡಿದ್ದೇನೆ.

ಹೆಜ್ಜೆ 2: ದಾರಿ ಗುರುತಿಸಿ

ಫೋನಿನ ಮ್ಯಾಪ್ ತೋರಿಸುವ ಸೈಕಲ್ ದಾರಿಯನ್ನು ನಂಬಬೇಡಿ. ಅದು ನಿಮ್ಮನ್ನು ಹೆದ್ದಾರಿಗೆ ಹತ್ತಿಸುತ್ತದೆ, ಇಲ್ಲವೇ ಯಾರದೋ ಭತ್ತದ ಗದ್ದೆ ನಡುವೆ ಇಳಿಸುತ್ತದೆ. ಸ್ಯಾಟಲೈಟ್ ಚಿತ್ರ ಹಾಕಿಕೊಂಡು ನಾಲೆಯ ಪಕ್ಕದಲ್ಲಿ ಕಂದು ಗೆರೆ ಎಲ್ಲೆಲ್ಲಿದೆ ಅಂತ ನೋಡಿ. ಉಳಿದದ್ದನ್ನು ಜನರನ್ನು ಕೇಳಿ. ಕೇಳುವುದಕ್ಕೂ ಒಂದು ರೀತಿ ಇದೆ. "ಈ ದಾರಿ ಚೆನ್ನಾಗಿದ್ಯಾ?" ಅಂದರೆ ಎಲ್ಲರೂ ಟಾರು ರೋಡಿಗೇ ಕಳಿಸುತ್ತಾರೆ. "ಏರಿ ಮೇಲೆ ಬೈಕ್ ಹೋಗುತ್ತಾ ಅಣ್ಣ?" ಅಂತ ಕೇಳಿ. ಬೈಕ್ ಹೋದರೆ ನೀವೂ ಹೋಗಬಹುದು.

ವಿಶ್ವೇಶ್ವರಯ್ಯ ನಾಲೆಯ ದೊಡ್ಡ ಏರಿಗಿಂತ ನನಗೆ ಚಿಕ್ಕ ನಾಲೆಗಳೇ ಇಷ್ಟ. ದೊಡ್ಡದರಲ್ಲಿ ಕಾರು, ಟ್ರ್ಯಾಕ್ಟರ್ ಓಡಾಡುತ್ತವೆ, ತಡೆಗೋಡೆ ಇಲ್ಲದ ಜಾಗವೇ ಜಾಸ್ತಿ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸೊಂದು ಈ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಎಂಥ ಬಿಸಿಲಿದ್ದರೂ ನಾಲೆಗೆ ಇಳಿದು ಈಜಬೇಡಿ. ಇಳಿಜಾರು ಕಾಂಕ್ರೀಟಿಗೆ ಪಾಚಿ ಹಿಡಿದಿರುತ್ತದೆ. ಇಳಿದವರಿಗೆ ಹತ್ತಲು ಆಗುವುದಿಲ್ಲ.

ಹೆಜ್ಜೆ 3: ಸೈಕಲ್

ಗರಸು ದಾರಿಗೆಂದೇ ಮಾಡಿದ ಗ್ರಾವೆಲ್ ಸೈಕಲ್ಲೇ ಬೇಕು ಅಂತೇನಿಲ್ಲ. 38 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಟೈರು ಕೂರುವ ಯಾವುದಾದರೂ ಸಾಕು. ಮುಂದೆ ಸ್ಪ್ರಿಂಗ್ ಇರುವ ಅಗ್ಗದ ಸೈಕಲ್ ಮಾತ್ರ ಬೇಡ. ಆ ಸ್ಪ್ರಿಂಗ್ ತೂಕ ಕೂಡಿಸುತ್ತದೆ, ಕೆಲಸ ಮಾಡುವುದಿಲ್ಲ.

ಹೆಜ್ಜೆ 4: ಗಾಳಿ

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ಪಂಪಿರುವ ಅಂಗಡಿಗೆ ಸೈಕಲ್ ಕೊಟ್ಟರೆ ಅವರು ಟೈರು 'ಟಣ್' ಅನ್ನುವವರೆಗೆ ತುಂಬಿಸುತ್ತಾರೆ. ಟಾರಿನ ಮೇಲೆ ಅದು ಸರಿ. ಗರಸಿನ ಮೇಲೆ ಗಟ್ಟಿ ಟೈರು ಕಲ್ಲು ಸಿಕ್ಕಾಗ ಬಗ್ಗುವುದಿಲ್ಲ, ಪುಟಿಯುತ್ತದೆ. ಪುಟಿದ ಗಳಿಗೆಯಲ್ಲಿ ಚಕ್ರಕ್ಕೂ ನೆಲಕ್ಕೂ ಸಂಬಂಧವೇ ಇರುವುದಿಲ್ಲ. ಆಗ ಬ್ರೇಕ್ ಹಿಡಿದರೆ ಜಾರಿ ಬಿದ್ದಿರಿ ಅಂತಲೇ ಲೆಕ್ಕ.

ಲೆಕ್ಕ ಹೀಗಿಟ್ಟುಕೊಳ್ಳಿ. ನಿಮ್ಮ ತೂಕ 70 ಕೆ.ಜಿ. ಆಸುಪಾಸು, ಟೈರು 40 ಮಿ.ಮೀ., ಒಳಗೆ ಟ್ಯೂಬ್ ಇದೆ ಅಂದರೆ ಹಿಂದಿನ ಚಕ್ರಕ್ಕೆ 38 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ), ಮುಂದಿನದಕ್ಕೆ 35ರಿಂದ ಶುರು ಮಾಡಿ. ತೂಕದಲ್ಲಿ ಹೆಚ್ಚು ಭಾಗ ಹಿಂದೆ ಬೀಳುತ್ತದೆ, ಅದಕ್ಕೇ ಈ ವ್ಯತ್ಯಾಸ. ಟ್ಯೂಬ್‌ಲೆಸ್ ಆದರೆ ಇನ್ನೂ ಐದಾರು ಇಳಿಸಬಹುದು. ತೂಕ ಜಾಸ್ತಿ ಇದ್ದರೆ ಸ್ವಲ್ಪ ಏರಿಸಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿಯನ್ನೂ ನೋಡಿಕೊಳ್ಳಿ.

ಆಮೇಲೆ ನೂರು ಮೀಟರ್ ಏರಿ ಮೇಲೆ ಓಡಿಸಿ. ಹಲ್ಲು ಕಟಕಟ ಅಂದರೆ ಗಾಳಿ ಇನ್ನೂ ಜಾಸ್ತಿ ಇದೆ. ಎರಡು ಪಿ.ಎಸ್.ಐ. ಇಳಿಸಿ, ಮತ್ತೆ ಓಡಿಸಿ. ಕಲ್ಲಿನ ಮೇಲೆ ಹಾದಾಗ ರಿಮ್ಮು 'ಟಕ್' ಅಂದರೆ ಅತಿಯಾಗಿ ಇಳಿಸಿದ್ದೀರಿ, ವಾಪಸ್ ಮೂರು ತುಂಬಿ. ಇವೆರಡರ ನಡುವೆ ಎಲ್ಲೋ ನಿಮ್ಮ ಅಂಕಿ ಇದೆ. ಸಿಕ್ಕ ಮೇಲೆ ಸೀಟಿನ ಕೆಳಗೆ ಬರೆದಿಟ್ಟುಕೊಳ್ಳಿ. ಹೆಬ್ಬೆರಳಲ್ಲಿ ಒತ್ತಿ ಗೊತ್ತು ಮಾಡುತ್ತೇನೆ ಅನ್ನುವವರ ಮಾತು ಕೇಳಬೇಡಿ. ಗೇಜ್ ಇರುವ ಪಂಪ್ ತೆಗೆದುಕೊಳ್ಳಿ. ಇನ್ನೊಂದು ವಿಷಯ: ಟ್ಯೂಬಿನ ಮೂತಿ ಸಣ್ಣ ಪ್ರೆಸ್ಟಾ ಆಗಿದ್ದರೆ ಹಳ್ಳಿಯ ಪಂಪ್ ಹಿಡಿಯುವುದಿಲ್ಲ. ಚಿಟಿಕೆಯಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿರಲಿ.

ಹೆಜ್ಜೆ 5: ಮುಳ್ಳು

ಪಂಚರ್ ಆಗೇ ಆಗುತ್ತದೆ. ಏರಿಯ ಅಂಚಿನಲ್ಲಿ ಜಾಲಿ, ನೆಲದಲ್ಲಿ ನೆಗ್ಗಿಲು ಮುಳ್ಳು. ಟ್ಯೂಬ್ ತೆಗೆದು ಮೊದಲು ತೂತು ನೋಡಿ. ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ತೂತಿದ್ದರೆ ಗಾಳಿ ಕಮ್ಮಿಯಾಗಿ ರಿಮ್ಮು ಕಡಿದಿದೆ, ಹೆಜ್ಜೆ 4ಕ್ಕೆ ವಾಪಸ್ ಹೋಗಿ. ಒಂದೇ ತೂತಾದರೆ ಮುಳ್ಳು. ಹತ್ತಿ ಬಟ್ಟೆಯನ್ನು ಟೈರಿನ ಒಳಗೆ ಪೂರ್ತಿ ಒಂದು ಸುತ್ತು ಎಳೆಯಿರಿ. ಬಟ್ಟೆ ಸಿಕ್ಕಿಕೊಂಡ ಕಡೆ ಮುಳ್ಳಿದೆ. ಮುರಿದ ತುದಿ ಹೊರಗಿನಿಂದ ಕಾಣುವುದೇ ಇಲ್ಲ.

ಟ್ಯೂಬನ್ನು ಎಮರಿ ಕಾಗದದಿಂದ ಉಜ್ಜಿ, ಸಲ್ಯೂಷನ್ ತೆಳುವಾಗಿ ಸವರಿ, ಕಾಯಿರಿ. ಹುಡುಗರು ಹಸಿ ಸಲ್ಯೂಷನ್ ಮೇಲೇ ಪ್ಯಾಚ್ ಒತ್ತಿಬಿಡುತ್ತಾರೆ, ಹತ್ತು ಕಿ.ಮೀ. ದಾಟುವಷ್ಟರಲ್ಲಿ ಅದು ಕಿತ್ತು ಬರುತ್ತದೆ. ಹೊಳಪು ಹೋಗಿ, ಬೆರಳಿಗೆ ಅಂಟದ ಹಾಗೆ ಆಗಬೇಕು. ಐದು ನಿಮಿಷ ಬೇಕು. ಅಷ್ಟರಲ್ಲಿ ಒಂದು ಬಾಳೆಹಣ್ಣು ತಿನ್ನಿ. ಸ್ಟಿಕ್ಕರ್ ಥರ ಅಂಟಿಸುವ, ಸಲ್ಯೂಷನ್ ಬೇಡದ ಪ್ಯಾಚ್ ಬರುತ್ತದಲ್ಲ, ಅದು ನಮ್ಮ ಬಿಸಿಲಿಗೆ ನಿಲ್ಲುವುದಿಲ್ಲ. ಎರಡು ಸಲ ದುಡ್ಡು ಕಳೆದುಕೊಂಡಿದ್ದೇನೆ. ನಿಜವಾದ ಅಡ್ಡದಾರಿ ಬೇಕಾದರೆ ಹೊಸ ಟ್ಯೂಬ್ ಎರಡು ಒಯ್ಯಿರಿ, ಪ್ಯಾಚ್ ಕೆಲಸ ಮನೆಗೆ ಬಂದು ಮಾಡಿ.

ಹೆಜ್ಜೆ 6: ತುಳಿಯಿರಿ

ಹ್ಯಾಂಡಲ್ ಸಡಿಲವಾಗಿ ಹಿಡಿಯಿರಿ. ಏರುದಾರಿಯಲ್ಲಿ ಸೀಟಿನಿಂದ ಏಳಬೇಡಿ, ಎದ್ದರೆ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ, ತಿರುವಿನೊಳಗೆ ಮುಂದಿನ ಬ್ರೇಕ್ ಮುಟ್ಟಬೇಡಿ. ನಾಯಿ ಬೆನ್ನಟ್ಟಿದರೆ ಇಳಿದು, ಸೈಕಲ್ಲನ್ನು ಅದಕ್ಕೂ ನಿಮಗೂ ನಡುವೆ ಇಟ್ಟುಕೊಂಡು ನಡೆಯಿರಿ. ಮಳೆ ಬಿದ್ದ ಮಾರನೇ ದಿನ ಹೋಗಲೇಬೇಡಿ.

ಡಿಸೆಂಬರ್, ಜನವರಿಯಲ್ಲಿ ಊರ ಹತ್ತಿರದ ಟಾರಿನ ಮೇಲೆ ಒಕ್ಕಣೆ ನಡೆದಿರುತ್ತದೆ. ಹುರುಳಿ ಬಳ್ಳಿ ರಾಶಿಯ ಮೇಲೆ ಓಡಿಸಿದರೆ ಅದು ಹಿಂದಿನ ಗೇರಿಗೆ ಸುತ್ತಿಕೊಂಡು ಗೇರನ್ನೇ ಮುರಿದುಬಿಡುತ್ತದೆ. ಇಳಿದು ಎತ್ತಿಕೊಂಡು ದಾಟಿ. ನಾಲೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ಕಡೆ ಫೋಟೊ ತೆಗೆಯಬೇಡಿ.

ಹೆಜ್ಜೆ 7: ನಿಲ್ಲಬೇಕಾದ ಕಡೆ ನಿಲ್ಲಿ

ಶ್ರೀರಂಗಪಟ್ಟಣದಲ್ಲಿ ಎಲ್ಲರೂ ಟಿಪ್ಪುವಿನ ದರಿಯಾ ದೌಲತ್‌ಗೆ ಹೋಗುತ್ತಾರೆ, ಹೋಗಲಿ. ನೀವು ಬಂಗಾರದೊಡ್ಡಿ ನಾಲೆ ಹುಡುಕಿ. ಕಂಠೀರವ ನರಸರಾಜ ಒಡೆಯರು 1645ರಿಂದ 1648ರ ನಡುವೆ ಕಾವೇರಿಗೆ ಅಣೆ ಕಟ್ಟಿಸಿದರು. ಅಲ್ಲಿಂದ ಹೊರಟ ನೀರು ಕಲ್ಲಿನ ಮೇಲ್ಗಾಲುವೆಯಲ್ಲಿ ಹೊಳೆಯ ಕವಲನ್ನೇ ದಾಟಿ ದ್ವೀಪಕ್ಕೆ ಬರುತ್ತದೆ. ಕೆಳಗೂ ಕಾವೇರಿ, ಮೇಲೂ ಕಾವೇರಿ. ಆ ಅಣೆಯಿಂದಲೇ ರಂಗನತಿಟ್ಟಿನ ನಡುಗಡ್ಡೆಗಳಾದವು. ಹಕ್ಕಿಗಳು ಬಂದು ಗೂಡು ಕಟ್ಟಿದವು. ಪಕ್ಷಿತಜ್ಞ ಸಲೀಂ ಅಲಿ ಒತ್ತಾಯ ಮಾಡಿದ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು.

ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು. ಹೈದರ್, ಟಿಪ್ಪು ಕಡೆಯ ಫ್ರೆಂಚ್ ಸೈನಿಕರು ಅಲ್ಲಿ ಬಿಡಾರ ಹೂಡಿದ್ದರು. ಹಿಂದಿರುವ ಬಂಡೆಗಳೇ ಕುಂತಿ ಬೆಟ್ಟ. ತೊಣ್ಣೂರು ಕೆರೆ ಬೆಟ್ಟಗಳ ನಡುವೆ ಇದೆ, ನೀರು ತಿಳಿ. ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಇದಕ್ಕೆ ಮೋತಿ ತಲಾಬ್ ಅಂತ ಹೆಸರಿಟ್ಟನಂತೆ. ರಾಮಾನುಜಾಚಾರ್ಯರ ನೆನಪಿನ ಊರದು. ನಂಬಿ ನಾರಾಯಣ ಗುಡಿಯ ಕಂಬಗಳ ನೆರಳಲ್ಲಿ ಅರ್ಧ ಗಂಟೆ ಕೂತರೆ ಕಾಲು ನೋವು ಇಳಿಯುತ್ತದೆ.

ವಾಪಸ್ ಬರುವಾಗ ಹೊಗೆ ಕಂಡ ಕಡೆ ಆಲೆಮನೆ ಇರುತ್ತದೆ. ಕೇಳಿದರೆ ಕಬ್ಬಿನ ಹಾಲು ಕೊಡುತ್ತಾರೆ. ಬಿಸಿ ಬೆಲ್ಲ ಬಾಯಿಗೆ ಹಾಕಿಕೊಳ್ಳುವ ಮೊದಲು ಊದಿ. ಟಾರು ಸಿಕ್ಕ ಮೇಲೆ ಟೈರಿಗೆ ಹತ್ತು ಪಿ.ಎಸ್.ಐ. ವಾಪಸ್ ತುಂಬಿ.

ಹೆಜ್ಜೆ 8: ತೊಳೆಯಿರಿ

ಒಂದು ಬಕೆಟ್ ನೀರು, ಹಳೇ ಹಲ್ಲುಜ್ಜುವ ಬ್ರಷ್. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಪೈಪ್ ಬೇಡ, ನೀರು ಬೇರಿಂಗ್ ಒಳಗೆ ನುಗ್ಗುತ್ತದೆ. ಚೈನು ಒರೆಸಿ, ಒಣಗಿದ ಮೇಲೆ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಅಲ್ಲ.