ಬೆಕ್ಕಿನ ಬಟ್ಟಲಲ್ಲಿ ಸಿಕ್ಕ ಹದಿನೆಂಟರ ಮಗ್ಗಿ

ನಮ್ಮ ಮನೆಯಲ್ಲಿ ಅಡುಗೆ ನನ್ನದು. ಹೆಂಡತಿ ನರ್ಸ್, ಶಿಫ್ಟ್ ಡ್ಯೂಟಿ. ನನ್ನದು ಕೊಪ್ಪಳದಲ್ಲಿ ಮಿಕ್ಸರ್, ಫ್ಯಾನು ರಿಪೇರಿ ಅಂಗಡಿ, ಅದೂ ಮನೆಯ ಮುಂದಿನ ಕೋಣೆಯಲ್ಲೇ. ಹಾಗಾಗಿ ರೊಟ್ಟಿ ಬಡಿಯುವುದು, ಮಗಳ ಹೋಂವರ್ಕ್, ಎರಡು ಬೆಕ್ಕು ಎಲ್ಲ ನನ್ನ ತಲೆಗೇ ಬಂದಿವೆ. ಗಂಡಸು ರೊಟ್ಟಿ ಬಡಿಯುತ್ತಾನೆ ಅಂತ ಓಣಿಯಲ್ಲಿ ನಗುವವರು ಇನ್ನೂ ಇದ್ದಾರೆ. ಬೆಕ್ಕಿನ ಊಟ ತೂಗಿಸಿ ಮಗಳಿಗೆ ಲೆಕ್ಕ ಕಲಿಸುತ್ತೇನೆ ಅಂದಾಗ ಅವರು ಇನ್ನೂ ಜಾಸ್ತಿ ನಕ್ಕರು. ಆ ಎರಡನೇ ನಗು ಈಗ ನಿಂತಿದೆ. ಅದಕ್ಕೇ ಬರೆಯಲು ಕೂತೆ.

ಮಗಳು ಆಗ ಮೂರನೇ ಕ್ಲಾಸು. ಓದೋದು ಬರೆಯೋದು ಚೆನ್ನಾಗಿತ್ತು, ಲೆಕ್ಕ ಅಂದರೆ ಹೊಟ್ಟೆನೋವು. ಟ್ಯೂಷನ್‌ಗೆ ಹಾಕಿದೆವು, ತಿಂಗಳಿಗೆ 600. ಏಳು ತಿಂಗಳು ಹೋದಳು. ಆರರ ಮಗ್ಗಿ ದಾಟಲಿಲ್ಲ. ಮಧ್ಯೆ ಯಾರೋ ಹೇಳಿದರು ಅಂತ ಮೊಬೈಲ್‌ನಲ್ಲಿ ಒಂದು ಕಲಿಕೆಯ ಆ್ಯಪ್‌ಗೆ ಎರಡು ಸಾವಿರ ಚಿಲ್ಲರೆ ಕಟ್ಟಿದೆ. ಅದರಲ್ಲಿ ಸರಿ ಉತ್ತರ ಒತ್ತಿದರೆ ಬಲೂನು ಹಾರುತ್ತೆ. ತಪ್ಪು ಒತ್ತಿದರೆ ಒಂದು ಆನೆ ಅಳುತ್ತೆ. ಮಗಳಿಗೆ ಆನೆ ಅಳೋದೇ ಇಷ್ಟ ಆಯ್ತು. ಬೇಕಂತಲೇ ತಪ್ಪು ಒತ್ತುತ್ತಿದ್ದಳು. ಎರಡು ಸಾವಿರ ಆನೆಯ ಕಣ್ಣೀರಿಗೆ ಹೋಯಿತು.

ಆಮೇಲೆ ನಾನೇ ರೊಟ್ಟಿಯಲ್ಲಿ ಭಿನ್ನರಾಶಿ ಕಲಿಸಲು ಹೊರಟೆ. ಒಂದು ಜೋಳದ ರೊಟ್ಟಿ, ಅರ್ಧ, ಕಾಲು, ಅರೆಕಾಲು. ಅರೆಕಾಲಿಗೆ ಬರುವಷ್ಟರಲ್ಲಿ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೇಬಿಟ್ಟಳು. ಪಾಠಕ್ಕಿಂತ ಮೊದಲು ರೊಟ್ಟಿ ಮುಗಿಯಿತು. ಮರುದಿನವೂ ಅಷ್ಟೇ. ರೊಟ್ಟಿಯ ಲೆಕ್ಕ ತಪ್ಪಿದರೆ ಯಾರಿಗೂ ಏನೂ ಆಗಲ್ಲ, ಅಲ್ವಾ? ಎಷ್ಟು ಉಳಿದಿದೆಯೋ ಅಷ್ಟು ತಿಂದರಾಯಿತು. ಈ ಮಾತು ನನಗೆ ಆಗ ಹೊಳೆಯಲಿಲ್ಲ, ತಿಂಗಳುಗಳಾದ ಮೇಲೆ ಬೆಕ್ಕು ಹೊಳೆಸಿತು.

ಬೆಕ್ಕುಗಳು ಬಂದದ್ದು 2023ರ ಜನವರಿ, ಗವಿಮಠದ ಜಾತ್ರೆಯ ಹೊತ್ತಲ್ಲಿ. ಅಂಗಡಿಯ ಹೊರಗೆ ಇಟ್ಟಿದ್ದ ಹಳೇ ಕೂಲರ್‌ ಡಬ್ಬಿಯಲ್ಲಿ ಎರಡು ಮರಿ. ಕರಿಯದಕ್ಕೆ ಗುರೆಳ್ಳು, ಕಂದು ಬಣ್ಣದ್ದಕ್ಕೆ ಶೇಂಗಾ ಅಂತ ಮಗಳು ಹೆಸರಿಟ್ಟಳು, ಅಡುಗೆಮನೆಯ ಚಟ್ನಿ ಡಬ್ಬಿ ನೋಡಿಕೊಂಡು. ಗುರೆಳ್ಳು ಗಂಡು, ಶೇಂಗಾ ಹೆಣ್ಣು.

ಮೊದಲು ಎಲ್ಲರ ಮನೆಯಂತೆ ಹಾಲು, ಅದರಲ್ಲಿ ಮುರಿದ ರೊಟ್ಟಿ. ಭೇದಿ ಶುರುವಾಯಿತು, ನಿಲ್ಲಲಿಲ್ಲ. ಡಾಕ್ಟರು, ಔಷಧ, ಆಟೋ ಸೇರಿ ಏಳೆಂಟುನೂರು ಹೋಯಿತು. ತಾಯಿ ಹಾಲು ಬಿಟ್ಟ ಮೇಲೆ ತುಂಬಾ ಬೆಕ್ಕುಗಳಿಗೆ ಹಾಲು ಜೀರ್ಣ ಆಗಲ್ಲವಂತೆ. ಸರಿ, ಹಾಲು ಬಂದ್. ಭಾನುವಾರದ ಕೋಳಿ ಸಾರಿನ ತುಂಡು ತೊಳೆದು ಹಾಕಲು ಶುರು ಮಾಡಿದೆ. ಡಾಕ್ಟರು ಅದಕ್ಕೂ ಬೈದರು. ನಮ್ಮ ಸಾರು ಅಂದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದೆ ಆಗುತ್ತಾ? ಅವೆರಡೂ ಬೆಕ್ಕಿಗೆ ವಿಷ, ರಕ್ತದ ಕೆಂಪು ಕಣ ಒಡೆಯುತ್ತವೆ. ತುಂಡು ತೊಳೆದರೂ ರಸ ಒಳಗೇ ಇರುತ್ತೆ. (ಹೇಳುವಾಗಲೇ ಇನ್ನೊಂದು: ಬೆಕ್ಕಿಗೆ ಮೈ ಬೆಚ್ಚಗಾಗಿದೆ ಅಂತ ಮನೆಯಲ್ಲಿನ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಕೂಡ ಕೊಡಬೇಡಿ. ಬೆಕ್ಕು ಉಳಿಯಲ್ಲ. ಇದು ನನ್ನ ನರ್ಸಮ್ಮನ ಎಚ್ಚರಿಕೆ.)

ಆಮೇಲೆ ಬರೀ ನೀರಲ್ಲಿ ಬೇಯಿಸಿದೆ. ಉಪ್ಪಿಲ್ಲ, ಅರಿಶಿನ ಇಲ್ಲ, ಏನೂ ಇಲ್ಲ. ಬೆಂದ ನೀರು ಚೆಲ್ಲಿಬಿಡುತ್ತಿದ್ದೆ. ಅದೂ ತಪ್ಪು. ಬೆಕ್ಕಿನ ಕಣ್ಣಿಗೆ, ಹೃದಯಕ್ಕೆ ಟಾರಿನ್ ಅನ್ನೋ ಅಂಶ ಬೇಕೇ ಬೇಕು, ಅದು ಮಾಂಸದಲ್ಲಿದೆ, ಆದರೆ ಬೇಯಿಸಿದಾಗ ನೀರಿಗೆ ಇಳಿದುಬಿಡುತ್ತೆ. ನಾನು ಒಳ್ಳೇದನ್ನು ಚೆಲ್ಲಿ ಚರಟ ಹಾಕುತ್ತಿದ್ದೆ ಅನ್ನಿ. ಈಗ ಆ ನೀರು ಬಟ್ಟಲಿಗೇ. ಬೇಯಿಸುವಾಗ ನೀರು ಕಮ್ಮಿ ಹಿಡಿಯುವಂತೆ ಪಾತ್ರೆಯಲ್ಲಿ ಒಂದು ಉಪಾಯ ಮಾಡುತ್ತೇನೆ, ಅದನ್ನು ಹೇಳಲ್ಲ, ಓಣಿಯವರು ಮೊದಲು ನಕ್ಕಿದ್ದಕ್ಕೆ ಕ್ಷಮೆ ಕೇಳಲಿ.

ಕೊನೆಗೆ ಡಾಕ್ಟರು ಒಂದು ರಾಜಿಗೆ ಒಪ್ಪಿದರು. ಬರೀ ಬೇಯಿಸಿದ ಮಾಂಸ ಸಾಲದು, ಸುಣ್ಣದ ಅಂಶ ಕಮ್ಮಿ ಬೀಳುತ್ತೆ. ಅದಕ್ಕೆ ಬೆಳಗ್ಗೆ ಪ್ಯಾಕೆಟ್ ಆಹಾರ, ರಾತ್ರಿ ಮನೆಯದು. ಎಲುಬು ಬೇಡ, ಬೆಂದ ಎಲುಬು ಚೂಪಾಗಿ ಸೀಳುತ್ತೆ. ಕೋಳಿ ಲಿವರ್ ವಾರಕ್ಕೊಂದು ಸಣ್ಣ ತುಂಡು, ಜಾಸ್ತಿ ಬೇಡ. ಕೋಳಿ ಹೃದಯ ಹಾಕಬಹುದು, ಟಾರಿನ್ ಅದರಲ್ಲಿ ಚೆನ್ನಾಗಿದೆ, ಅಂಗಡಿಯಲ್ಲಿ ಅಗ್ಗಕ್ಕೂ ಸಿಗುತ್ತೆ. ರಾತ್ರಿ ಊಟಕ್ಕೆ ಬೆಕ್ಕಿನ ತೂಕದ ಒಂದು ಕೇಜಿಗೆ ಬೆಂದ ಮಾಂಸ ಸುಮಾರು 18 ಗ್ರಾಂ ಅಂತ ಲೆಕ್ಕ ಕೂತಿತು.

ಆ 18 ಅನ್ನೋ ಸಂಖ್ಯೆಯಿಂದಲೇ ಎಲ್ಲ ಶುರು.

2024ರ ಫೆಬ್ರವರಿ ಇರಬೇಕು. ನನಗೆ ಒಂದು ಮೋಟಾರ್ ಸುಟ್ಟ ಮಿಕ್ಸರ್ ಅರ್ಜೆಂಟಾಗಿ ಕೊಡಬೇಕಿತ್ತು. ಅಡುಗೆಮನೆಯಿಂದ ಗುರೆಳ್ಳು ಒಂದೇ ಸಮ ಕೂಗು. ಮಗಳಿಗೆ ಹೇಳಿದೆ, "ನೀನೇ ತೂಗಿ ಹಾಕವ್ವಾ, ಕೇಜಿಗೆ ಹದಿನೆಂಟು." ಗುರೆಳ್ಳು ಆಗ 4 ಕೇಜಿ, ಶೇಂಗಾ 3. ಅವಳು ನೆಲದ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ 18 ಅಂತ ನಾಲ್ಕು ಸಲ ಒಂದರ ಕೆಳಗೊಂದು ಬರೆದು ಕೂಡಿಸಿದಳು. 72. ಆದರೆ ಅಡುಗೆ ತೂಕದ ಯಂತ್ರದ ಮೇಲೆ ಬಟ್ಟಲಲ್ಲಿ ಹಾಕುವಾಗ ಅಂಕೆ ತಿರುಗಿಸಿಬಿಟ್ಟಳು, 27ಕ್ಕೇ ನಿಲ್ಲಿಸಿದಳು. ಗುರೆಳ್ಳು ಮೂರು ಸಲ ನಾಲಿಗೆ ಹಾಕಿತು, ಮುಗಿಯಿತು. ಖಾಲಿ ಬಟ್ಟಲು ನೋಡಿತು. ಮಗಳನ್ನು ನೋಡಿತು. ಆಮೇಲೆ ಸೀದಾ ಹೋಗಿ ಶೇಂಗಾಳ ತಲೆಗೆ ಒಂದು ಬಾರಿಸಿ ಅವಳ ಬಟ್ಟಲಿಗೆ ಬಾಯಿ ಹಾಕಿತು. ಮಗಳು ಅಳುತ್ತಾ ನೋಟ್‌ಬುಕ್ ತೆಗೆದು, ಬೆರಳಿಟ್ಟು ನೋಡಿ, ತಾನೇ ಹೇಳಿದಳು: "ಅಪ್ಪಾ, ನಾನು ಉಲ್ಟಾ ಮಾಡೀನಿ."

ಏಳು ತಿಂಗಳ ಟ್ಯೂಷನ್ನಲ್ಲಿ ಒಂದು ಸಲವೂ ಅವಳು ತನ್ನ ತಪ್ಪು ತಾನು ಹುಡುಕಿರಲಿಲ್ಲ. ಮಿಕ್ಸರ್ ಅಲ್ಲೇ ಬಿಟ್ಟು ಎದ್ದು ಬಂದೆ. ರೊಟ್ಟಿ ಯಾಕೆ ಸೋತಿತು ಅಂತ ಅವತ್ತು ಗೊತ್ತಾಯಿತು. ಲೆಕ್ಕ ತಪ್ಪಿದರೆ ಇಲ್ಲಿ ಒಬ್ಬರು ಹಸಿದಿರುತ್ತಾರೆ, ಅವರು ಸುಮ್ನೆ ಇರೋರೂ ಅಲ್ಲ.

ಮರುದಿನವೇ ಕೆಲಸ ಶುರು. ತೂಕದ ಯಂತ್ರದಲ್ಲಿ ಬಟ್ಟಲಿಟ್ಟು ಸೊನ್ನೆ ಮಾಡುವ ಬಟನ್ ಇರುತ್ತಲ್ಲ, ಅದರ ಮೇಲೆ ಅಂಗಡಿಯ ಕರಿ ಇನ್ಸುಲೇಷನ್ ಟೇಪ್ ಸುತ್ತಿಬಿಟ್ಟೆ. ನನ್ನ ಇಡೀ ಪದ್ಧತಿಯಲ್ಲಿ ಬುದ್ಧಿವಂತಿಕೆ ಅಂತ ಏನಾದರೂ ಇದ್ದರೆ ಅದು ಈ ಎರಡು ಇಂಚಿನ ಟೇಪು. ಗುರೆಳ್ಳಿನ ಬಟ್ಟಲು 118 ಗ್ರಾಂ, ಶೇಂಗಾಳದು 112. ಈಗ 72 ಹಾಕಬೇಕಾದರೆ ಯಂತ್ರದಲ್ಲಿ 190 ಬರಬೇಕು. ಶೇಂಗಾಳಿಗೆ 54, ಅಂದರೆ 166. ತಿಂದು ಉಳಿಸಿದರೆ ಮತ್ತೆ ತೂಗಿ ಕಳೆಯಬೇಕು. ದಿನಕ್ಕೆ ಎರಡು ಗುಣಾಕಾರ, ಎರಡು ಕೂಡುವುದು, ಒಂದೆರಡು ಕಳೆಯುವುದು, ಯಾರೂ ಹೋಂವರ್ಕ್ ಅಂತ ಹೇಳದೆ. ಬಟ್ಟಲು ಆಗಾಗ ಬದಲಿಸುತ್ತೇನೆ, ಇಲ್ಲಾಂದರೆ 190, 166 ಬಾಯಿಪಾಠ ಆಗಿಬಿಡುತ್ತೆ.

ಬೆಕ್ಕಿನ ತೂಕವೂ ಅವಳದೇ. ಮನುಷ್ಯರು ನಿಂತು ತೂಕ ನೋಡುವ ಯಂತ್ರದ ಮೇಲೆ ಬೆಕ್ಕು ನಿಲ್ಲಲ್ಲ. ನಾನು ಎತ್ತಿಕೊಂಡು ನಿಲ್ಲುತ್ತೇನೆ, ಆಮೇಲೆ ಕೆಳಗಿಳಿಸಿ ನಾನೊಬ್ಬನೇ ನಿಲ್ಲುತ್ತೇನೆ, ಅವಳು ಕಳೆಯುತ್ತಾಳೆ. ಒಂದು ಸಲ ಗುರೆಳ್ಳು ನಾಲ್ಕೂವರೆ ಕೇಜಿ ಅಂತ ಬಂತು. ನನ್ನ ಜೇಬಿನಲ್ಲಿ ಒಂದು ಮಿಕ್ಸರ್ ಕಪ್ಲರ್, ಸ್ಕ್ರೂಡ್ರೈವರ್, ಮೊಬೈಲ್, ಚಿಲ್ಲರೆ ಎಲ್ಲ ಇದ್ದವು, ಎರಡನೇ ಸಲ ನಿಲ್ಲುವಾಗ ಅವನ್ನೆಲ್ಲ ತೆಗೆದಿಟ್ಟಿದ್ದೆ.

ಅವ್ವ ಮೊದಲ ವಾರವೇ ತೀರ್ಪು ಕೊಟ್ಟಳು. "ಬೆಕ್ಕಿಗೆ ತಕ್ಕಡಿ ಹಿಡಿಯೋ ಮನಿ ಇದೊಂದ ನೋಡಪಾ. ಮಗ್ಗಿ ಬಾಯಿಪಾಠ ಮಾಡಿಸು, ಬೆಕ್ಕು ಇಲಿ ಹಿಡಕೊಂಡು ತಿಂತೈತಿ." ಹೆಂಡತಿ ಅರ್ಧ ನಂಬಿದಳು. ಟ್ಯೂಷನ್ ಮೇಡಮ್ಮಂತೂ ಮಗುವನ್ನು ಬಿಡಿಸಬೇಡಿ, ಹಿಂದೆ ಬೀಳುತ್ತಾಳೆ ಅಂದರು. ನಾನು ಬಿಡಿಸಿದೆ.

ದುಡ್ಡಿನ ಲೆಕ್ಕ ಕೇಳಿದರೆ, ಉಳಿತಾಯ ಆಗುತ್ತೆ ಅಂದುಕೊಂಡಿದ್ದೆ, ಆಗಲಿಲ್ಲ. ಎರಡು ಹೊತ್ತೂ ಪ್ಯಾಕೆಟ್ ಹಾಕಿದರೆ ತಿಂಗಳಿಗೆ ಸುಮಾರು 1,100 ಆಗುತ್ತಿತ್ತು. ಈಗ ಪ್ಯಾಕೆಟ್ 550, ಕೋಳಿ ಸಾವಿರದ ಹತ್ತಿರ. ಅರ್ಧ ಕೇಜಿ ಬೋನ್‌ಲೆಸ್ ಬೆಂದರೆ 350 ಗ್ರಾಂಗೆ ಇಳಿಯುತ್ತೆ, ಇದು ಮೊದಲ ತಿಂಗಳು ನನ್ನನ್ನೇ ದಿಕ್ಕು ತಪ್ಪಿಸಿತ್ತು, ಅಂಗಡಿಯವನು ತೂಕದಲ್ಲಿ ಹೊಡೆದ ಅಂತ ಸುಮ್ನೆ ಜಗಳಕ್ಕೆ ಹೋಗಿದ್ದೆ. ಅರ್ಧ ಪಾಲು ಹೃದಯ ಹಾಕಿದ ಮೇಲೆ ಖರ್ಚು ಹಿಡಿತಕ್ಕೆ ಬಂತು. ಒಟ್ಟಿನಲ್ಲಿ ಬೆಕ್ಕಿಗೆ ತಿಂಗಳಿಗೆ 450 ಜಾಸ್ತಿ, ಟ್ಯೂಷನ್ 600 ಉಳಿಯಿತು. 150 ನನ್ನ ಲಾಭ. ತೂಕದ ಯಂತ್ರದ ದುಡ್ಡು ಮೂರು ತಿಂಗಳಲ್ಲಿ ಬಂತು.

ಮೇ ತಿಂಗಳಲ್ಲಿ ಒಂದು ಅಡ್ಡದಾರಿ ಹಿಡಿದೆವು. ನಮ್ಮ ಕಡೆಯ ಮೇ ಗೊತ್ತಲ್ಲ, 40 ಡಿಗ್ರಿ ಮೇಲೆ. ಬಟ್ಟಲಲ್ಲಿ ಬಿಟ್ಟ ಮಾಂಸ ಅರ್ಧ ಗಂಟೆಗೆ ವಾಸನೆ. ಬೆಕ್ಕುಗಳು ನೀರು ಕುಡಿಯುತ್ತಿವೆಯೋ ಇಲ್ಲವೋ ಅನ್ನೋ ಚಿಂತೆ. ಮಗಳು 300 ಎಂಎಲ್ ನೀರಿಟ್ಟು ಮರುದಿನ ಅಳೆದಳು, 160 ಉಳಿದಿತ್ತು. "140 ಕುಡದಾವು" ಅಂದಳು. ನಾನು ಕೇಳಿದೆ, ಬಿಸಿಲು ಕುಡಿದಿಲ್ಲವಾ? ಅರ್ಧ ದಿನ ಮಾತಾಡಲಿಲ್ಲ. ಸಂಜೆ ಅಂಥದ್ದೇ ಇನ್ನೊಂದು ಸ್ಟೀಲ್ ಬಟ್ಟಲಿಗೆ 300 ಹಾಕಿ, ಪಕ್ಕದಲ್ಲೇ ಇಟ್ಟು, ಮೇಲೆ ತಂತಿ ಬುಟ್ಟಿ ಬೋರಲು ಹಾಕಿ ಕಲ್ಲಿಟ್ಟಳು. ಅದರಲ್ಲಿ ಮರುದಿನ 255 ಉಳಿಯಿತು. ಬೆಕ್ಕಿನ ಬಟ್ಟಲಲ್ಲಿ ಮತ್ತೆ 160. ಬಿಸಿಲು ಕುಡಿದದ್ದು 45, ಬೆಕ್ಕು ಕುಡಿದದ್ದು 95. ಇದನ್ನು ನಾನು ಹೇಳಿಕೊಟ್ಟದ್ದಲ್ಲ, ಗಂಟೆ ಬಾರಿಸಿ ಹೇಳುತ್ತೇನೆ. ನೀರಿನ ಬಟ್ಟಲನ್ನು ಊಟದ ಬಟ್ಟಲಿಂದ ದೂರ ಇಟ್ಟರೆ ಕೆಲವು ಬೆಕ್ಕು ಇನ್ನೂ ಜಾಸ್ತಿ ಕುಡಿಯುತ್ತವಂತೆ, ಮಾಡಿ ನೋಡಿ.

ಆ ವರ್ಷವೇ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ವಾರಪೂರ್ತಿ ಅಂಗಡಿಗೆ ಬಂದವರೆಲ್ಲ ಟಿಎಂಸಿ, ಕ್ಯೂಸೆಕ್ ಅಂತಲೇ ಮಾತು. ಟಿಎಂಸಿ ಅಂದರೇನು ಅಂತ ಮಗಳು ಕೇಳಿದಳು. ನೂರು ಕೋಟಿ ಘನ ಅಡಿ, ಲೀಟರಿಗೆ ತಂದರೆ ಸುಮಾರು 2,830 ಕೋಟಿ. ಅದು ಅವಳಿಗೆ ತಾಕಲಿಲ್ಲ. "ಗುರೆಳ್ಳು, ಶೇಂಗಾ ಎಷ್ಟು ದಿನ ಕುಡೀತಾವು?" ಎರಡೂ ಬೆಕ್ಕಿಗೆ ಸೇರಿ ದಿನಕ್ಕೆ 100 ಎಂಎಲ್ ಅಂತ ಹಿಡಿದು ನಾವಿಬ್ಬರೂ ಕೂತು ಮಾಡಿದೆವು. ಸೊನ್ನೆ ಎಣಿಸಿ ಎಣಿಸಿ ಎರಡು ಸಲ ತಪ್ಪಿತು. ಒಂದೇ ಟಿಎಂಸಿ 77 ಕೋಟಿ ವರ್ಷ ಬರುತ್ತೆ. ಅವ್ವ ರೊಟ್ಟಿ ತಿನ್ನುತ್ತಾ ಕೇಳಿಸಿಕೊಂಡು, "ಅಷ್ಟು ವರ್ಷ ಆ ಬೆಕ್ಕಿಗೆ ಕೋಳಿ ಯಾರು ತರ್ತಾರ?" ಅಂದಳು.

ಗೆದ್ದದ್ದು ಯಾವಾಗ ಅಂದರೆ ಅದೇ ವರ್ಷ ದೀಪಾವಳಿಗೆ. ಹಳೇ ಟ್ಯೂಷನ್ ಮೇಡಂ ಮಿಕ್ಸರ್ ಜಾರ್ ಬುಷ್ ಹಾಕಿಸಲು ಅಂಗಡಿಗೆ ಬಂದರು. ಮಗಳು ಬಾಗಿಲಲ್ಲೇ ಶೇಂಗಾಳ ಹೊಟ್ಟೆ ಕೆರೆಯುತ್ತಾ ಕೂತಿದ್ದಳು. ಮೇಡಂ ಪರೀಕ್ಷೆ ಮಾಡೋಣ ಅಂತ ಮೆಲ್ಲಗೆ ಕೇಳಿದರು, "ಹದಿನೆಂಟು ಏಳ್ಲೆ ಎಷ್ಟು?" ಇವಳು ತಲೆ ಎತ್ತಲಿಲ್ಲ. "ಇಬ್ಬರ ಊಟ. ನೂರಾ ಇಪ್ಪತ್ತಾರು." ಮೇಡಂಗೆ ಮೊದಲರ್ಧ ಅರ್ಥ ಆಗಲಿಲ್ಲ, ಎರಡನೇ ಅರ್ಧ ಆಯಿತು. ಬುಷ್‌ಗೆ ನಾನು ಅವತ್ತು ದುಡ್ಡು ತಗೊಳ್ಳಲಿಲ್ಲ.

ಹದಿನೆಂಟು ಒಂದೇ ಅಲ್ಲ ಈಗ. ಶೇಂಗಾಳಿಗೆ ಮರಿ ಆಗದ ಆಪರೇಷನ್ ಮಾಡಿಸಿದೆವು, ಮೂರು ಸಾವಿರದ ಮೇಲೆ ಆಯಿತು. ಆಪರೇಷನ್ ಆದಮೇಲೆ ಅದೇ ಊಟಕ್ಕೆ ದಪ್ಪ ಆಗುತ್ತವೆ, ಹಾಗಾಗಿ ಅವಳದು ಕೇಜಿಗೆ 15ಕ್ಕೆ ಇಳಿಯಿತು. ಹದಿನೈದರ ಮಗ್ಗಿ ಹಾಗೆ ಬಂತು. ಹದಿನೇಳು, ಹದಿನಾರು ಹೇಗೆ ಬಂದವು ಅನ್ನೋದು ನನ್ನ ಇನ್ನೊಂದು ಗುಟ್ಟು, ಅದಕ್ಕೆ ಬೆಕ್ಕನ್ನು ಉಪವಾಸ ಕೆಡವಿಲ್ಲ ಅಂತಷ್ಟೇ ಹೇಳಬಲ್ಲೆ.

ಈಗ ಸಿಕ್ಕಿಬಿದ್ದಿರೋದು ಪಾಯಿಂಟಿನಲ್ಲಿ. ಗುರೆಳ್ಳು 4.3 ಕೇಜಿ ಆಗಿದೆ. ಮೊನ್ನೆ ರಾತ್ರಿ ಹದಿನೆಂಟನ್ನು ನಾಲ್ಕರಿಂದ ಗುಣಿಸಿ, ಹತ್ತರಲ್ಲಿ ಮೂರು ಪಾಲು ಬೇರೆ ಮಾಡಿ, ಕೂಡಿಸಿ, 77.4 ಅಂತ ಸರಿಯಾಗೇ ತಂದಳು. ಆಮೇಲೆ ಯಂತ್ರದ ಮುಂದೆ ಕೂತು ಯೋಚನೆ. ಅದು ಪೂರ್ತಿ ಗ್ರಾಂ ಮಾತ್ರ ತೋರಿಸುತ್ತೆ. "ಅಪ್ಪಾ, ಪಾಯಿಂಟ್ ನಾಲ್ಕು ಗ್ರಾಂ ಕೋಳಿ ಹೆಂಗ ಹರಿಯೋದು?" ನಾನೂ ನೋಡಿದೆ. ಅಷ್ಟರಲ್ಲಿ ಗುರೆಳ್ಳು ಕೈ ಹಾಕಿ ಬಟ್ಟಲಿಂದ ಒಂದು ಎಳೆ ಎಳಕೊಂಡು ಹೋಯಿತು.