ಸೂಜಿಗೆ ಮೊದಲು ಸ್ಕ್ಯಾನ್: ಹಾಸನದಲ್ಲಿ ನರ-ಸ್ನಾಯು ಪರೀಕ್ಷೆಯ ನನ್ನ ಅನುಭವ

ನಮ್ಮ ಕಡೆ ಜನ ಇದನ್ನು ‘ಕರೆಂಟ್ ಟೆಸ್ಟ್’ ಅನ್ನುತ್ತಾರೆ. ತಪ್ಪೇನಿಲ್ಲ. ನರ ಮತ್ತು ಸ್ನಾಯುಗಳ ಕಾಯಿಲೆ ಪತ್ತೆಗೆ ನಾವು ಮಾಡುವ ಪರೀಕ್ಷೆಯ ಮೊದಲರ್ಧದಲ್ಲಿ ಚರ್ಮದ ಮೇಲೆ ಸಣ್ಣ ಸಣ್ಣ ಶಾಕ್ ಕೊಟ್ಟು, ನರದಲ್ಲಿ ಸಂಕೇತ ಎಷ್ಟು ಬೇಗ ಓಡುತ್ತದೆ, ಎಷ್ಟು ಜೋರಾಗಿ ತಲುಪುತ್ತದೆ ಎಂದು ಅಳೆಯುತ್ತೇವೆ. ಬಹಳ ಮಂದಿ ಅದನ್ನು ಹಲ್ಲು ಕಚ್ಚಿ ತಡೆದುಕೊಳ್ಳುತ್ತಾರೆ. ಗಲಾಟೆ ಶುರುವಾಗುವುದು ಇನ್ನರ್ಧದಲ್ಲಿ, ಅಂದರೆ ಇಎಂಜಿಯಲ್ಲಿ. ಸೂಜಿಯನ್ನು ಸ್ನಾಯುವಿನೊಳಗೆ ಇಳಿಸಿ, ‘ಈಗ ಬಿಗಿ ಮಾಡಿ, ಈಗ ಸಡಿಲ ಬಿಡಿ’ ಅನ್ನುತ್ತಾ ಒಳಗಿನ ವಿದ್ಯುತ್ ಸದ್ದನ್ನು ಕೇಳಬೇಕು. ಒಂದೇ ಜಾಗದಲ್ಲಿ ಮುಗಿಯುವುದೂ ಇಲ್ಲ. ಕೈ, ಕಾಲು, ಬೆನ್ನು, ಕೆಲವೊಮ್ಮೆ ನಾಲಿಗೆ. 1929ರಲ್ಲಿ ಏಡ್ರಿಯನ್ ಮತ್ತು ಬ್ರಾಂಕ್ ತಯಾರಿಸಿದ ಸೂಜಿಯ ತತ್ವದಲ್ಲೇ ನಾವು ಇವತ್ತಿಗೂ ಕೆಲಸ ಮಾಡುತ್ತಿದ್ದೇವೆ. ಅಷ್ಟು ಒಳ್ಳೆಯ ಪರೀಕ್ಷೆ ಅದು. ಅಷ್ಟೇ ನೋವಿನದು ಕೂಡ.

ಬೆಂಗಳೂರಿನಲ್ಲಿ ಕಲಿಯುವಾಗ ನೋವಿನ ವಿಚಾರ ನನ್ನ ತಲೆಗೆ ಹೋಗಿರಲಿಲ್ಲ. ಅಲ್ಲಿಗೆ ಬರುವವರು ಎಲ್ಲಾ ಕಡೆ ಸುತ್ತಿ, ಕೊನೆಗೆ ಏನಾದರೂ ಸರಿ ಎಂದು ಬಂದಿರುತ್ತಾರೆ. ಹಾಸನದಲ್ಲಿ ಹಾಗಲ್ಲ. ಇಲ್ಲಿ ಎದ್ದು ಹೋಗುತ್ತಾರೆ. ಅರಕಲಗೂಡು ಕಡೆಯ ಅಜ್ಜಿಯೊಬ್ಬರು ಸೂಜಿ ನೋಡಿದ್ದೇ ಸೆರಗು ಕೊಡವಿಕೊಂಡು, ‘ಬ್ಯಾಡ ಬುಡಪ್ಪ ಡಾಕ್ಟ್ರೇ, ಇರೋ ನೋವೇ ಸಾಕು’ ಅಂದು ಹೊರಟೇಬಿಟ್ಟರು. ಮಕ್ಕಳ ಕಥೆಯಂತೂ ಕೇಳಲೇಬೇಡಿ. ಅಳುವ ಮಗುವಿನ ಸ್ನಾಯು ಸಡಿಲ ಆಗುವುದೇ ಇಲ್ಲ. ಸಡಿಲ ಆಗದಿದ್ದರೆ ಸೂಜಿ ಹಾಕಿಯೂ ಅರ್ಧ ಪ್ರಯೋಜನ. ಅದಕ್ಕೇ ಸೂಜಿಗೆ ಮೊದಲು ನೋವಿಲ್ಲದ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿ ನೋಡೋಣ ಎಂದುಕೊಂಡೆ.

ಅಲ್ಟ್ರಾಸೌಂಡ್‌ನಲ್ಲಿ ಸ್ನಾಯು, ನರ ನೋಡುವುದು ಹೊಸ ವಿದ್ಯೆಯೇನಲ್ಲ. ಲಂಡನ್ನಿನಲ್ಲಿ ಹೆಕ್ಮ್ಯಾಟ್, ಡುಬೊವಿಟ್ಜ್ ಮತ್ತು ಸಂಗಡಿಗರು 1980ರ ಹೊತ್ತಿಗೇ ಮಕ್ಕಳ ಸ್ನಾಯುಗಳನ್ನು ಹೀಗೆ ನೋಡಿದ್ದರು. ಸ್ನಾಯು ಎಷ್ಟು ಬೆಳ್ಳಗೆ ಕಾಣುತ್ತದೆ ಎಂಬುದಕ್ಕೆ 1982ರಲ್ಲಿ ಅವರು ಕೊಟ್ಟ ನಾಲ್ಕು ದರ್ಜೆಗಳ ಲೆಕ್ಕ ಈಗಲೂ ಬಳಕೆಯಲ್ಲಿದೆ. ಮುಂಗೈಯಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನಲ್ ತೊಂದರೆಗೆ ಈ ಸ್ಕ್ಯಾನ್ ನಂಬಬಹುದಾದ ಪರೀಕ್ಷೆ ಎಂದು ಅಮೆರಿಕದ ನರ-ಸ್ನಾಯು ತಜ್ಞರ ಸಂಘ 2012ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ಹಾಗಿದ್ದರೂ, ಪುಸ್ತಕದಲ್ಲಿದೆ ಎಂದ ಮಾತ್ರಕ್ಕೆ ನಮ್ಮ ಯಂತ್ರದಲ್ಲಿ, ನಮ್ಮ ಕೈಯಲ್ಲಿ, ನಮ್ಮ ರೋಗಿಗಳಲ್ಲಿ ಅದು ಸರಿ ಬರುತ್ತದೆ ಎಂದೇನಿಲ್ಲ. ಅದನ್ನು ಪರೀಕ್ಷೆ ಮಾಡಿಯೇ ನಂಬಬೇಕು ಅನ್ನಿಸಿತು.

ಮೊದಲು ಎದುರಾದದ್ದು ಕಾನೂನು. ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಯಂತ್ರವನ್ನು ಕೈಗೆ ಹಿಡಿದರೂ ಒಂದೇ, ಹೊಟ್ಟೆಗೆ ಹಿಡಿದರೂ ಒಂದೇ: ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಣಿ ಬೇಕೇ ಬೇಕು. ಸುಮ್ಮನೆ ಒಂದು ಪುಟ್ಟ ಯಂತ್ರ ಕೊಂಡು ಚೀಲದಲ್ಲಿ ಹಾಕಿಕೊಂಡು ಓಡಾಡುವ ಹಾಗಿಲ್ಲ. ಇದು ಬೇಕಾದ ಕಾನೂನೇ, ನನ್ನ ತಕರಾರಿಲ್ಲ. ಹಾಗಾಗಿ ರೇಡಿಯಾಲಜಿಸ್ಟ್ ಗೆಳೆಯರೊಬ್ಬರ ಕೋಣೆಯಲ್ಲಿ, ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ’ ಎಂಬ ಬೋರ್ಡಿನ ಕೆಳಗೇ ಕೆಲಸ ಶುರುವಾಯಿತು. ದಾಖಲೆಯಲ್ಲಿ ನನ್ನ ಹೆಸರು ಸೇರುವವರೆಗೂ ಪ್ರೋಬ್ (ಮೈಗೆ ತಾಗಿಸುವ ಸ್ಕ್ಯಾನ್ ಹಿಡಿಕೆ) ಅವರ ಕೈಯಲ್ಲಿ, ಪಕ್ಕದ ಕುರ್ಚಿ ನನಗೆ.

ಈ ಏರ್ಪಾಡಿನಿಂದಲೇ ಒಂದು ಅನುಕೂಲವೂ ಆಯಿತು. ಶಾಕ್ ಪರೀಕ್ಷೆ ಮಾಡುವುದು ನಾನು, ನರ ಅಳೆಯುವುದು ಅವರು. ಯಾವ ಕೈಗೆ ಜೋಮು ಎಂದು ಅವರಿಗೆ ಹೇಳುತ್ತಿರಲಿಲ್ಲ; ರೋಗಿಗೂ ಬಾಯಿ ಬಿಡಬೇಡಿ ಅನ್ನುತ್ತಿದ್ದೆವು. (ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಸ್ಕ್ಯಾನ್ ಮೇಜಿನ ಮೇಲೆ ಮಲಗಿದ ತಕ್ಷಣ ನಮ್ಮ ಜನಕ್ಕೆ ಕಾಯಿಲೆಯ ಪೂರ್ತಿ ಪುರಾಣ ನೆನಪಾಗುತ್ತದೆ.) ಅವರ ಅಳತೆ ಒಂದು ಚೀಟಿಯಲ್ಲಿ, ನನ್ನದು ಇನ್ನೊಂದರಲ್ಲಿ. ವಾರದ ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಅದಕ್ಕೂ ಮೊದಲು ಆಸ್ಪತ್ರೆಯ ನರ್ಸ್‌ಗಳು, ಲ್ಯಾಬಿನವರು, ಸೆಕ್ಯೂರಿಟಿಯವರು, ನಾವಿಬ್ಬರು, ಎಲ್ಲರ ಮುಂಗೈಯನ್ನೂ ಅಳೆದು ಬರೆದಿಟ್ಟುಕೊಂಡೆವು. ಆರೋಗ್ಯವಂತರ ನರ ಹೇಗಿರುತ್ತದೆ ಎಂದು ಕಣ್ಣಿಗೆ ರೂಢಿಯಾಗದೆ ರೋಗದ ನರ ಗುರುತು ಸಿಗುವುದಿಲ್ಲ.

ಅಳೆಯುವ ಬಗೆ ಹೀಗೆ. ಅಂಗೈ ಮೇಲೆ ಮಾಡಿಸಿ, ಮಣಿಕಟ್ಟಿನ ಗೆರೆಯ ಹತ್ತಿರ, ಕಿರುಬೆರಳಿನ ಬುಡದ ಕಡೆ ಕೈಗೆ ಸಿಗುವ ಬಟಾಣಿ ಗಾತ್ರದ ಮೂಳೆಯ ಮಟ್ಟದಲ್ಲಿ ಪ್ರೋಬ್ ಅಡ್ಡ ಇಡಬೇಕು. ಜೆಲ್ ಧಾರಾಳವಾಗಿರಲಿ, ಒತ್ತಬಾರದು. ಒತ್ತಿದರೆ ನರದ ಆಕಾರವೇ ಕೆಡುತ್ತದೆ. ಬಿಳಿ ಅಂಚಿನೊಳಗೆ ಕಪ್ಪು ಚುಕ್ಕಿಗಳು ಕಂಡರೆ ಅದು ಮೀಡಿಯನ್ ನರ; ಕಾರ್ಪಲ್ ಟನಲ್‌ನಲ್ಲಿ ಒತ್ತಿಹೋಗುವುದು ಇದೇ. ಸುತ್ತ ಇರುವ ಸ್ನಾಯುರಜ್ಜುಗಳೂ ಹೆಚ್ಚು ಕಡಿಮೆ ಹಾಗೇ ಕಾಣುತ್ತವೆ. ಪ್ರೋಬನ್ನು ತುಸು ವಾಲಿಸಿದರೆ ರಜ್ಜುಗಳು ಕಪ್ಪಾಗಿ ಮಾಯವಾಗುತ್ತವೆ, ನರ ಅಷ್ಟಾಗಿ ಬದಲಾಗುವುದಿಲ್ಲ. ಬೆರಳು ಮಡಿಸಿ ಎಂದರೆ ರಜ್ಜುಗಳು ಓಡುತ್ತವೆ, ನರ ಸುಮ್ಮನೆ ಪಕ್ಕಕ್ಕೆ ಜರುಗುತ್ತದೆ. ಆಮೇಲೆ ಬಿಳಿ ಅಂಚಿನ ಒಳಗೆ ಗೆರೆ ಎಳೆದು ವಿಸ್ತೀರ್ಣ ಅಳೆಯುವುದು. ಸಾಮಾನ್ಯವಾಗಿ 10 ಚದರ ಮಿಲಿಮೀಟರ್ ಆಸುಪಾಸನ್ನು ಗಡಿ ಎಂದು ಹಿಡಿಯುತ್ತಾರೆ; ಅದಕ್ಕಿಂತ ದಪ್ಪ ಇದ್ದರೆ ನರ ಒತ್ತಿದೆ ಎಂದು ಲೆಕ್ಕ. ಅದೇ ನರವನ್ನು ಮೊಣಕೈ ಕಡೆಗೆ 12 ಸೆಂಟಿಮೀಟರ್ ಮೇಲೆ ಇನ್ನೊಮ್ಮೆ ಅಳೆದು, ಮಣಿಕಟ್ಟಿನದು ಅದರ 1.4 ಪಟ್ಟು ದಾಟಿದೆಯೇ ಎಂದೂ ನೋಡುತ್ತೇವೆ. ದಪ್ಪ ಮೈಯವರಿಗೂ ತೆಳ್ಳಗಿನವರಿಗೂ ಒಂದೇ ಗಡಿ ಹಾಕುವ ಅನ್ಯಾಯ ಇದರಿಂದ ತಪ್ಪುತ್ತದೆ.

ಒತ್ತಿದ ಜಾಗದಲ್ಲಿ ನರ ಸಣ್ಣಗಾಗಬೇಕಲ್ಲ, ದಪ್ಪ ಯಾಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಹೇಮಾವತಿ ನಾಲೆಯಲ್ಲಿ ತೂಬಿಗೆ ಕಸ ಕಟ್ಟಿಕೊಂಡಾಗ ನೀರು ಏರುವುದು ತೂಬಿನ ಹಿಂದೆ. ನರದ ಒಳಗಿನ ಹರಿವಿಗೂ ಹಾಗೇ: ಮಣಿಕಟ್ಟಿನೊಳಗಿನ ಬಿಗಿಯಾದ ಪಟ್ಟಿಯ ಕೆಳಗೆ ಚಪ್ಪಟೆ, ಅದರ ಹಿಂದೆ ಊತ.

ಚೀಟಿಗಳು ಏನು ಹೇಳಿದವು? ಕಾಯಿಲೆ ಬಲಿತವರಲ್ಲಿ, ಅಂದರೆ ಹೆಬ್ಬೆರಳ ಬುಡದ ಮಾಂಸ ಕರಗಿದವರಲ್ಲಿ, ಎರಡು ಪರೀಕ್ಷೆಗೂ ಜಗಳವೇ ಇರಲಿಲ್ಲ. ಜಗಳ ಇದ್ದದ್ದು ಆರಂಭದ ಹಂತದವರಲ್ಲಿ. ಕೆಲವರಿಗೆ ಶಾಕ್ ಪರೀಕ್ಷೆ ಸರಿಯಿದ್ದು ನರ ದಪ್ಪ, ಕೆಲವರಿಗೆ ಅದರ ಉಲ್ಟಾ. ನಾವಿಬ್ಬರೂ ಒಂದೇ ಕೈಯನ್ನು ಅಳೆದಾಗಲೂ ಒಂದೆರಡು ಚದರ ಮಿಲಿಮೀಟರ್ ಹೆಚ್ಚುಕಮ್ಮಿ ಆಗುತ್ತಿತ್ತು. ಗಡಿ ಇರುವುದೇ 10ರಲ್ಲಿ ಎಂದಮೇಲೆ ಅಷ್ಟೇ ಸಾಕು, ರೋಗ ಇಲ್ಲದವರು ರೋಗಿಗಳಾಗಲು. ಅದಕ್ಕೇ ಈಗ ಪ್ರತಿ ಸಲ ಮೂರು ಬಾರಿ ಗೆರೆ ಎಳೆದು ಸರಾಸರಿ ಬರೆಯುತ್ತೇವೆ, ಗಡಿಯ ಹತ್ತಿರ ಇದ್ದರೆ ‘ಅನುಮಾನ’ ಎಂದೇ ಬರೆಯುತ್ತೇವೆ.

ಚಳಿಗಾಲದಲ್ಲಿ ಸ್ಕ್ಯಾನ್ ಗೆದ್ದಿತು. ಡಿಸೆಂಬರ್, ಜನವರಿ ಎಂದರೆ ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಹಣ್ಣು ಕೊಯ್ಯುವ ಕಾಲ. ರಾತ್ರಿ ಕೈ ಜೋಮು ಹಿಡಿದು, ಎದ್ದು ಕೂತು ಕೊಡವಿಕೊಳ್ಳುವ ಹೆಂಗಸರು ಬೆಳಗ್ಗೆ ಮೊದಲ ಬಸ್ಸಿಗೇ ಬರುತ್ತಾರೆ. ಬಸ್ಸಿಳಿದು ಬಂದ ಆ ಕೈ ಮುಟ್ಟಿದರೆ ಐಸು. ತಣ್ಣಗಿರುವ ಕೈಯಲ್ಲಿ ನರದ ವೇಗ ತಾನಾಗಿಯೇ ಇಳಿಯುತ್ತದೆ; ಚರ್ಮ 32 ಡಿಗ್ರಿಯಾದರೂ ಬೆಚ್ಚಗಾಗದೆ ಶಾಕ್ ಪರೀಕ್ಷೆ ಮಾಡಿದರೆ ಊರಿನವರಿಗೆಲ್ಲ ನರರೋಗ. ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಸಿ ಕೂರಿಸಿಕೊಳ್ಳಬೇಕು. ನರದ ಗಾತ್ರ ಅಳೆಯಲು ಈ ಕಾಟವಿಲ್ಲ.

ಹಾಗೆ ಬಂದ ಒಬ್ಬರ ಕೈಯಲ್ಲಿ (ಗುರುತು ಸಿಗದ ಹಾಗೆ ಊರು, ವಯಸ್ಸು ಎಲ್ಲ ಕಡೆ ಬದಲಿಸಿದ್ದೇನೆ) ಮೀಡಿಯನ್ ನರ ಎರಡಾಗಿ ಸೀಳಿತ್ತು, ನಡುವೆ ಒಂದು ರಕ್ತನಾಳ ಮಿಡಿಯುತ್ತಿತ್ತು. ಹುಟ್ಟಿನಿಂದಲೇ ಹಾಗಿರುವವರು ಇದ್ದಾರೆ, ಅದೇ ಕಾಯಿಲೆಯಲ್ಲ. ಆದರೆ ಆಪರೇಷನ್ ಮಾಡುವವರಿಗೆ ಅದು ಮೊದಲೇ ಗೊತ್ತಿರಬೇಕು, ಶಾಕ್‌ನಲ್ಲಾಗಲಿ ಸೂಜಿಯಲ್ಲಾಗಲಿ ಅದು ಕಾಣುವುದಿಲ್ಲ. ಆಕೆ ಪರದೆ ನೋಡಿ, ‘ಅಯ್ಯೋ, ಕೈಗೂ ಸ್ಕ್ಯಾನ್ ಮಾಡ್ತಾರಾ? ಒಳಗೇನೋ ಬಡ್ಕತಾ ಐತಲ್ಲ!’ ಅಂದರು. ಚುಚ್ಚುವಾಗ ಮುಖ ತಿರುಗಿಸುವ ಜನ, ತಮ್ಮ ನರವನ್ನು ತಾವೇ ಬಾಗಿ ನೋಡುತ್ತಾರೆ. ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಿ ಎಂದರೆ ಮೊದಲು ನಕ್ಕು ಸುಮ್ಮನಾಗುತ್ತಿದ್ದವರು ಈಗ ಕಟ್ಟಿಕೊಳ್ಳುತ್ತಾರೆ.

ನನ್ನ ಅಭಿಪ್ರಾಯ ಪೂರ್ತಿ ಬದಲಾದದ್ದು ಇನ್ನೊಂದು ಬಗೆಯ ರೋಗಿಯಿಂದ. ಕಿರುಬೆರಳು, ಉಂಗುರದ ಬೆರಳು ಮಡಚಿಕೊಂಡಿದ್ದ ನಡುವಯಸ್ಸಿನ ರೈತ. ಬೇರೆ ಕಡೆ ‘ಕತ್ತಿನ ಸವೆತ’ ಎಂದು ಬೆಲ್ಟ್ ಹಾಕಿಸಿದ್ದರು. ಶಾಕ್ ಪರೀಕ್ಷೆಯಲ್ಲಿ ಮೊಣಕೈ ಹತ್ತಿರ, ಆ ಬೆರಳುಗಳಿಗೆ ಹೋಗುವ ಅಲ್ನಾರ್ ನರ ನಿಧಾನವಾಗಿತ್ತು. ಅಷ್ಟೇ ನೋಡಿದ್ದರೆ ಮೊಣಕೈಯಲ್ಲಿ ನರ ಒತ್ತಿದೆ ಎಂದು ಬರೆದು ಕಳಿಸಬಹುದಿತ್ತು. ಸ್ಕ್ಯಾನ್‌ನಲ್ಲಿ ಊತ ಇದ್ದದ್ದು ಮೂಳೆಯ ಸಂದಿನಲ್ಲಲ್ಲ, ಅದಕ್ಕೂ ಕೆಲವು ಸೆಂಟಿಮೀಟರ್ ಮೇಲೆ, ತೋಳಿನ ಕಡೆ. ಡಾಪ್ಲರ್ ಹಾಕಿದರೆ ನರದೊಳಗೇ ರಕ್ತ ಹರಿಯುವುದು ಕಾಣಿಸಿತು. ಅಂಗಿ ಬಿಚ್ಚಿಸಿ ನೋಡಿದಾಗ ಬೆನ್ನಿನ ಮೇಲೆ ಸ್ಪರ್ಶವಿಲ್ಲದ ಮಚ್ಚೆ. ಕುಷ್ಠ. ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಕುಷ್ಠ ನಿರ್ಮೂಲನವಾಗಿದೆ ಎಂದು ದೇಶ ಘೋಷಿಸಿಕೊಂಡದ್ದು 2005ರಲ್ಲಿ. ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂಬುದು ಅದರ ಲೆಕ್ಕ, ಒಂದೂ ಇಲ್ಲ ಎಂದಲ್ಲ. ಮಾತ್ರೆ ಸರ್ಕಾರದಿಂದ ಉಚಿತ, ಬಗೆ ನೋಡಿ 6 ತಿಂಗಳು ಅಥವಾ 12 ತಿಂಗಳು. ನರದಲ್ಲಿ ಉರಿಯೂತ ಇದ್ದರೆ ಜೊತೆಗೆ ಸ್ಟೀರಾಯ್ಡ್ ತಡಮಾಡದೆ ಬೇಕು. ಆ ಊತದ ಜಾಗ, ಆ ರಕ್ತದ ಹರಿವು, ಎರಡನ್ನೂ ತೋರಿಸಿದ್ದು ಸ್ಕ್ಯಾನ್.

ಮಕ್ಕಳಲ್ಲಿ ಇದರ ಬೆಲೆ ಬೇರೆಯೇ. ಮೆಟ್ಟಿಲು ಹತ್ತಲು ಕಷ್ಟಪಡುವ, ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ತಾನೇ ಕೈಯೂರಿ ಏಳುವ, ಮೀನಖಂಡ ಮಾತ್ರ ಪೈಲ್ವಾನನ ಹಾಗಿರುವ ಹುಡುಗ. ಡುಶೆನ್, ಅಂದರೆ ಜೀನ್ ದೋಷದಿಂದ ಸ್ನಾಯು ಸವೆಯುವ ಕಾಯಿಲೆ ಎಂದು ಬಾಗಿಲಲ್ಲೇ ಅನುಮಾನ ಬರುತ್ತದೆ. ತಾಯಿಯ ಮಡಿಲಲ್ಲಿ ಕೂತ ಹಾಗೇ ತೊಡೆಯ ಮೇಲೆ ಪ್ರೋಬ್ ಇಟ್ಟರೆ, ಕಪ್ಪಗಿರಬೇಕಾದ ಸ್ನಾಯು ಬೆಳ್ಳಗೆ ಕಾಣುತ್ತದೆ, ಏಕೆಂದರೆ ಅಲ್ಲಿ ಕೊಬ್ಬು, ನಾರು ತುಂಬಿರುತ್ತದೆ. ಕೆಳಗಿನ ಮೂಳೆಯ ಗೆರೆ ಮಸುಕಾಗುತ್ತಾ ಹೋಗಿ, ಹೆಕ್ಮ್ಯಾಟ್ ಲೆಕ್ಕದ ನಾಲ್ಕನೆಯ ದರ್ಜೆಗೆ ಬರುವಷ್ಟರಲ್ಲಿ ಕಾಣುವುದೇ ಇಲ್ಲ. ಅಲ್ಲಿಂದ ರಕ್ತದ ಸಿಕೆ (ಸ್ನಾಯು ಹಾಳಾದಾಗ ಏರುವ ಕಿಣ್ವ) ಪರೀಕ್ಷೆ, ಆಮೇಲೆ ನೇರ ಜೀನ್ ಪರೀಕ್ಷೆ. ಸೂಜಿಯ ಪ್ರಶ್ನೆಯೇ ಏಳುವುದಿಲ್ಲ. ಒಂದು ಎಚ್ಚರಿಕೆ: ಯಂತ್ರದ ಗೇನ್ ಗುಂಡಿಯನ್ನು ಏರಿಸಿದರೆ ಯಾರ ಸ್ನಾಯು ಬೇಕಾದರೂ ಬೆಳ್ಳಗಾಗುತ್ತದೆ. ಸ್ನಾಯು ನೋಡುವ ಸೆಟ್ಟಿಂಗ್ ಒಂದನ್ನು ಉಳಿಸಿಟ್ಟು, ಅದನ್ನು ಯಾರೂ ಮುಟ್ಟದ ಹಾಗೆ ಮಾಡಿದ್ದೇವೆ. ಹೊಟ್ಟೆ ಸ್ಕ್ಯಾನ್ ಮಾಡುವವರು ಮುಟ್ಟಿಯೇ ಮುಟ್ಟುತ್ತಾರೆ, ಅದಕ್ಕೆ ದಿನಾ ಬೆಳಗ್ಗೆ ಒಮ್ಮೆ ನೋಡಿಕೊಳ್ಳಬೇಕು.

ನೋವಿಲ್ಲದ ಇನ್ನೊಂದು ವಿಧಾನದ ಬಗ್ಗೆ ಗೆಳೆಯರು ಕೇಳುತ್ತಿರುತ್ತಾರೆ: ಚರ್ಮದ ಮೇಲೆ ನಾಲ್ಕು ಎಲೆಕ್ಟ್ರೋಡ್ ಇಟ್ಟು, ಅರಿವಿಗೇ ಬಾರದಷ್ಟು ಸಣ್ಣ ಕರೆಂಟ್ ಹರಿಸಿ, ಸ್ನಾಯು ಅದಕ್ಕೆ ಒಡ್ಡುವ ತಡೆ ಅಳೆಯುವುದು. ಬಾಸ್ಟನ್ನಿನ ಸೀವರ್ಡ್ ರಟ್ಕೋವ್ ಅವರಿಗೆ ಎಎಲ್‌ಎಸ್ (ಸ್ನಾಯು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ) ಕಾಯಿಲೆಯ ಏರಿಕೆಯನ್ನು ಹೀಗೆ ಅಳೆದು ತೋರಿಸಿದ್ದಕ್ಕೆ 2011ರಲ್ಲಿ 10 ಲಕ್ಷ ಡಾಲರ್ ಬಹುಮಾನವೂ ಬಂತು. ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ತಿಂಗಳು ತಿಂಗಳು ಹಿಂಬಾಲಿಸಲು ಒಳ್ಳೆಯದು. ನನ್ನ ಮೇಜಿನ ಮೇಲೆ ಆ ಯಂತ್ರವಿಲ್ಲ, ಅದಕ್ಕೇ ಅದರ ಮಾತು ಇಷ್ಟಕ್ಕೇ ಬಿಡುತ್ತೇನೆ.

ಎಎಲ್‌ಎಸ್ ವಿಚಾರ ಬಂತಲ್ಲ, ಅಲ್ಲೇ ಸೂಜಿ ಪಟ್ಟು ಬಿಡುವುದಿಲ್ಲ. ಸ್ನಾಯು ಅಲ್ಲಲ್ಲಿ ಪುಟಿಯುವುದನ್ನು ಹಿಡಿಯುವುದರಲ್ಲಿ ಸ್ಕ್ಯಾನ್ ಸೂಜಿಗಿಂತ ಮೇಲು. ಸೂಜಿ ಕೇಳುವುದು ತನ್ನ ತುದಿಯ ಸುತ್ತ ಮಾತ್ರ, ಸ್ಕ್ಯಾನ್ ಇಡೀ ಸ್ನಾಯುವನ್ನು ಒಟ್ಟಿಗೆ ನೋಡುತ್ತದೆ. ನಾಲಿಗೆ ಪರೀಕ್ಷೆಯೂ ಗದ್ದದ ಕೆಳಗಿನಿಂದಲೇ ಆಗುತ್ತದೆ. ಆದರೆ ನರದ ಸಂಪರ್ಕ ಕಳೆದುಕೊಂಡ ಒಂಟಿ ಎಳೆಗಳ ಸದ್ದು ಕೇಳಿ, ‘ಹೌದು, ಅದೇ’ ಎಂದು ಖಚಿತ ಮಾಡಲು ಸೂಜಿಯೇ ಬೇಕು. ಅಂಥ ಕಾಯಿಲೆಯ ಹೆಸರನ್ನು ಮನೆಯವರ ಮುಂದೆ ಹೇಳುವ ಮೊದಲು ನಾನು ಸೂಜಿ ಹಾಕಿಯೇ ಹಾಕುತ್ತೇನೆ. ಯಾವ ಸ್ನಾಯುವಿಗೆ ಹಾಕಬೇಕೆಂದು ಮೊದಲೇ ಸ್ಕ್ಯಾನ್ ನೋಡಿ ಆರಿಸಿಕೊಳ್ಳುವುದರಿಂದ ಚುಚ್ಚುವ ಜಾಗಗಳು ಮಾತ್ರ ಕಡಿಮೆಯಾಗಿವೆ.

ಸ್ಕ್ಯಾನ್ ಯಾವ ಉಪಯೋಗಕ್ಕೂ ಬಾರದ ಗುಂಪು ಒಂದಿದೆ: ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುವವರು. ಆರಂಭದಲ್ಲಿ ಅವರಲ್ಲಿ ಕೆಡುವುದು ತೀರಾ ಸಣ್ಣ ಎಳೆಗಳು. ಅವು ಸ್ಕ್ಯಾನ್‌ಗೂ ಕಾಣವು, ಶಾಕ್‌ಗೂ ಸಿಗವು. ‘ಎಲ್ಲಾ ನಾರ್ಮಲ್’ ಎಂಬ ರಿಪೋರ್ಟ್ ಹಿಡಿದು ಬಂದು, ಹಾಗಾದರೆ ಉರಿ ಯಾಕೆ ಎಂದು ಜಗಳ ಆಡುತ್ತಾರೆ, ಆಡಬೇಕಾದದ್ದೇ. ಅವರನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ತಣ್ಣಗಿನದು, ಬಿಸಿಯದು, ಚೂಪಾದದ್ದು ಯಾವುದು ತಿಳಿಯುತ್ತದೆ ಎಂದು ಕೇಳುವುದಕ್ಕೆ ಯಂತ್ರ ಬೇಡ. ಜೊತೆಗೆ 128 ಹರ್ಟ್ಸ್‌ನ ಶ್ರುತಿಕವೆ (ಕಂಪನ ತಿಳಿಯುತ್ತದೆಯೇ ನೋಡಲು), 10 ಗ್ರಾಂ ಒತ್ತಡದ ನೈಲಾನ್ ಎಳೆ (ಸ್ಪರ್ಶ ನೋಡಲು). ಅಂಥವರಿಗೆ ಸ್ಕ್ಯಾನ್ ಬರೆದುಕೊಡುವುದನ್ನು ನಿಲ್ಲಿಸಿದ್ದೇನೆ. ಆ ದುಡ್ಡಿಗೆ ಒಂದು ಜೊತೆ ಒಳ್ಳೆಯ ಚಪ್ಪಲಿ ತೆಗೆದುಕೊಳ್ಳಿ ಅನ್ನುತ್ತೇನೆ.